ಅತ್ತೆ ಕಟ್ಟಿದ ಹೋರಿ

ನಮ್ಮ ಅತ್ತೆ ಯಾರನ್ನೇ ಮೊದಲ ಸಲ ಕಂಡರೂ ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದರು. ಬೀಗರಾಗಲಿ, ಡಾಕ್ಟರಾಗಲಿ, ಓಟು ಕೇಳಲು ಬಂದವರಾಗಲಿ, ಮೊದಲು ಹಿಮ್ಮಡಿ, ಆಮೇಲೆ ಮೀನಖಂಡ, ಆಮೇಲೆ ಮೊಣಕಾಲು. ಅವರ ಕಣ್ಣು ಮುಖದವರೆಗೆ ಏರುವಷ್ಟರಲ್ಲಿ ಬಂದವರು ನಾಚಿಕೊಂಡು ಧೋತರವನ್ನೋ ಸೀರೆಯನ್ನೋ ಕೆಳಗೆ ಎಳೆದುಕೊಂಡಿರುತ್ತಿದ್ದರು. ಸವಣೂರಿನ ನಮ್ಮ ಮನೆಗೆ ಕನ್ಯಾ ನೋಡಲು ಬಂದ ದಿನ ನನ್ನ ಹೆಸರು ಕೇಳಲಿಲ್ಲ, ಸಾಲಿ ಎಷ್ಟು ಕಲಿತಿದ್ದೀ ಅನ್ನಲಿಲ್ಲ. "ಥೋಡೆ ನಡದು ತೋರ್ಸವಾ" ಅಂದರು. ನಡೆದೆ. "ಈಗ ಜಲ್ದಿ ಜಲ್ದಿ ನಡಿ" ಅಂದರು. ಅದನ್ನೂ ಮಾಡಿದೆ. ಒಳಗೆ ನಮ್ಮವ್ವ, "ಕನ್ಯಾ ನೋಡಾಕ ಬಂದಾರೋ, ಹೋರಿ ಕೊಳ್ಳಾಕ ಬಂದಾರೋ" ಅಂತ ಗೊಣಗಿದ್ದು ಹೊರಗಿನವರಿಗೆಲ್ಲ ಕೇಳಿಸಿತು. ಅತ್ತೆ ಬೇಜಾರು ಮಾಡಿಕೊಳ್ಳಲಿಲ್ಲ. "ಎರಡೂ ಒಂದ ಯವ್ವಾ, ಮನಿಗಿ ತರೂದು" ಅಂದು ಚಹಾ ಕುಡಿದರು.

ಅವರ ತವರು ಮಾಸೂರು. ಅವರಪ್ಪ ಹೋರಿ ಸಾಕುತ್ತಿದ್ದವನು. ನಮ್ಮ ಕಡೆ ದೀಪಾವಳಿ ಮುಗಿದ ಮೇಲೆ ಹೋರಿ ಓಡಿಸುವ ಹುಚ್ಚು ಗೊತ್ತಲ್ಲ, ಕೊರಳಿಗೆ ಕೊಬ್ಬರಿ ಸರ ಕಟ್ಟಿ ಮಂದಿಯ ನಡುವೆ ಬಿಡುತ್ತಾರೆ, ಹುಡುಗರು ಮೈಮೇಲೆ ಬಿದ್ದು ಕೊಬ್ಬರಿ ಹರಿಯಲು ನೋಡುತ್ತಾರೆ, ಯಾರ ಕೈಗೂ ಸಿಗದೆ ಓಡಿಹೋದ ಹೋರಿಯೇ ಗೆದ್ದ ಹೋರಿ. ಅಂಥ ಹೋರಿಗಳ ಮೈ ತಿಕ್ಕಿ, ಹುರಳಿ ಕುದಿಸಿ ತಿನ್ನಿಸಿ ಬೆಳೆದವರು ಅತ್ತೆ. ಮದುವೆಯಾಗಿ ಹಾನಗಲ್ಲಿಗೆ ಬಂದರೆ ಇಲ್ಲಿ ಇದ್ದದ್ದು ಒಂದು ಎಮ್ಮೆ. ಆ ಕೊರಗನ್ನು ಅವರು ಕೊನೆತನಕ ಬಿಡಲಿಲ್ಲ. ಮೊಮ್ಮಕ್ಕಳು ಹುಟ್ಟಿದಾಗಲೂ ನೆತ್ತಿಯ ಮೇಲಿನ ಸುಳಿ ನೋಡಿ, "ಇದು ಓಡತೈತಿ", "ಇದು ಕುಂತ ತಿಂತೈತಿ" ಅಂತ ಹೇಳಿಬಿಟ್ಟರು. ಕುಂತು ತಿನ್ನುವುದು ನನ್ನ ಮಗ.

ಇನ್ನು ಸುಜಾತಾಳ ಮಾತಿಗೆ ಬರುತ್ತೇನೆ. ಬರದೆ ಗತಿಯಿಲ್ಲ. ಸುಜಾತಾ ನನ್ನ ಮೈದುನನ ಹೆಂಡತಿ, ನನ್ನ ನೆಗೆಣ್ಣಿ, ರಟ್ಟೀಹಳ್ಳಿಯವಳು. ನಾನು ಈ ಮನೆಗೆ ಬಂದು ಆರು ವರ್ಷ ಆದ ಮೇಲೆ ಬಂದವಳು. ಅಷ್ಟು ವರ್ಷದಲ್ಲಿ ಅತ್ತೆ ನನ್ನನ್ನು ಹೆಸರು ಹಿಡಿದು ಕರೆದದ್ದು ನೆನಪಿಲ್ಲ. "ಏ ಸವಣೂರಾಕಿ" ಅನ್ನುವುದೇ ನನ್ನ ಹೆಸರು. ಸುಜಾತಾ ಬಂದ ಮೊದಲ ವಾರಕ್ಕೇ "ನಮ್ಮ ಸುಜಾತಾ" ಆದಳು. ನಮ್ಮ! ಅತ್ತೆ ಒಡೆದ ಗಡಿಗೆಗೆ ಬೆಲೆಯಿಲ್ಲ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಸಣ್ಣ ಸೊಸೆ ಒಡೆದದ್ದಕ್ಕೂ ಬೆಲೆ ಇರಲಿಲ್ಲ. ಒಂದು ದಿನ ಅವಳು ಹಾಲಿನ ಪಾತ್ರೆಯನ್ನೇ ಕೆಡವಿದಾಗ, "ಹೋಗ್ಲಿ ಬಿಡ, ಬೆಕ್ಕಿಗಾತು" ಅಂದರು. ನಾನು ಚಹಾ ಕುಡಿಯುವ ಒಂದು ಬಸಿ ಒಡೆದದ್ದಕ್ಕೆ ವಾರಗಟ್ಟಲೆ ಮಾತು ಕೇಳಿದ್ದೇನೆ. ಹೊಟ್ಟೆ ಉರಿಯಿತೇ ಅಂದರೆ ಉರಿಯಿತು. ಈಗಲೂ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ.

ಶಿಗ್ಗಾವಿ ಹತ್ತಿರ ಹೆದ್ದಾರಿಯ ಪಕ್ಕದ ಥೀಮ್ ಪಾರ್ಕಿನಲ್ಲಿ ರಾತ್ರಿ ಓಟದ ಸ್ಪರ್ಧೆ ಇದೆ, ಹೆಂಗಸರಿಗೂ ಐದು ಕಿಲೋಮೀಟರಿನದು ಇದೆ ಅಂತ ನಮ್ಮ ಮಹಿಳಾ ಸಂಘದ ಸಭೆಯಲ್ಲಿ ಹೇಳಿದಾಗ ಮೊದಲು ಕೈ ಎತ್ತಿದ್ದು ಸುಜಾತಾ. ಶಾಲೆಯಲ್ಲಿದ್ದಾಗ ತಾಲೂಕು ಮಟ್ಟದಲ್ಲಿ ಓಡಿದವಳಂತೆ. ಅವಳ ಕೈ ಮೇಲೆ ಇದ್ದದ್ದು ನೋಡಿ ನನ್ನ ಕೈಯೂ ಮೇಲೆ ಹೋಯಿತು. ನಾನು ಓಡಿದ್ದು ಅಂದರೆ ಬಸ್ಸಿನ ಹಿಂದೆ ಅಷ್ಟೇ. ಆದರೆ ಅವಳು ಓಡಿ, ಅತ್ತೆ ಅದನ್ನು ಕಣ್ಣು ತುಂಬಿಕೊಂಡು, ನಾನು ಪಕ್ಕದಲ್ಲಿ ನೀರಿನ ಬಾಟಲಿ ಹಿಡಿದು ನಿಲ್ಲುವುದೇ? ಆಗದ ಮಾತು.

ಬೂಟು ತಂದ ದಿನ ಅತ್ತೆ ಅವನ್ನು ಮಗುಚಿ ಮಗುಚಿ ನೋಡಿ, "ಲಾಳಾ ತಂದ್ರ್ಯಾ? ಚಲೋ ಆತು" ಅಂದರು. ಮರುದಿನದಿಂದ ನಸುಕಿನಲ್ಲಿ ನಾವಿಬ್ಬರೂ ಕೆರೆಯ ದಾರಿಯಲ್ಲಿ ಓಡಲು ಶುರು ಮಾಡಿದೆವು. ಅತ್ತೆ ಶಾಲು ಹೊದ್ದುಕೊಂಡು ಮನೆಯ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದರು. ಸುಜಾತಾ ಬಾಣ ಬಿಟ್ಟಂತೆ ಹೋಗುತ್ತಿದ್ದಳು. ವಾಪಸ್ಸು ಬರುವಾಗ ಮನೆ ಕಂಡ ಕೂಡಲೇ ನಿಂತು ಸೊಂಟಕ್ಕೆ ಕೈ ಕೊಡುತ್ತಿದ್ದಳು. ನಾನು ಹಿಂದಿನಿಂದ ದಬದಬ ಬಂದು, ಅವಳನ್ನು ನೋಡಿದ ಸಿಟ್ಟಿಗೆ ಮನೆ ದಾಟಿ ಇನ್ನೊಂದಿಷ್ಟು ದೂರ ಓಡಿಯೇ ತಿರುಗುತ್ತಿದ್ದೆ. ಅತ್ತೆ ಒಂದು ದಿನವೂ ನನಗೆ ಏನೂ ಹೇಳಲಿಲ್ಲ. ಅವಳಿಗೆ ಮಾತ್ರ, "ಬಾರವಾ, ಕುಂದ್ರು, ಉಸುರು ತೊಗೊ."

ಓಟದ ಹಿಂದಿನ ದಿನ ನಮ್ಮ ಮನೆಯಲ್ಲಿ ನಡೆದದ್ದನ್ನು ಯಾವ ಸೊಸೆಯೂ ಸಹಿಸಲಾರಳು. ಬೆಳಿಗ್ಗೆ ಸುಜಾತಾ ಕಸಬರಿಗೆ ಹಿಡಿದಿದ್ದಳು. ಅತ್ತೆ ಕಸಿದುಕೊಂಡು ಅದನ್ನು ನನ್ನ ಕೈಗೆ ಕೊಟ್ಟರು.

"ಓಡೂ ಹಿಂದಿನ ದಿನ ಹೋರಿಗಿ ನೊಗಾ ಹೂಡಬಾರ್ದು" ಅಂದರು.

"ನಾನೂ ನಾಳೆ ಓಡಾಕಿ ಅದೇನಿ ಅಲ್ರಿ ಅತ್ತಿ?" ಅಂದೆ.

"ಗೊತ್ತೈತಿ. ರೊಟ್ಟಿ ಜರಾ ಹೆಚ್ಚಿಗಿ ಬಡಿ, ನಾಳಿಗಿ ಬುತ್ತಿ ಬೇಕಲ್ಲ."

ಸುಜಾತಾಳನ್ನು ಮುಂದಿನ ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂರಿಸಿದರು. ಕುದಿಸಿದ ಹುರಳಿ, ಕೊಬ್ಬರಿ, ಬೆಲ್ಲ, ಬಾಳೆಹಣ್ಣು, ಒಂದಾದ ಮೇಲೆ ಒಂದು. ಆಮೇಲೆ ಎಣ್ಣೆ ಬೆಚ್ಚಗೆ ಮಾಡಿ, ಅವಳ ಮೀನಖಂಡಗಳಿಗೆ ತಾವೇ ಕೈಯಾರೆ ತಿಕ್ಕಿದರು. ನಾನು ಹಿತ್ತಲಿನ ಒಲೆಯ ಮುಂದೆ. ಬಾಗಿಲಿನಿಂದ ನೋಡಿದರೆ ಅತ್ತೆಯ ಬೆನ್ನು, ಅವಳ ಕಾಲು, ಆ ಎಣ್ಣೆಯ ಬಟ್ಟಲು ಕಾಣುತ್ತಿದ್ದವು. ನನಗೆ ಹೆರಿಗೆಯಾದಾಗ ಬಿಟ್ಟರೆ ಆ ಕೈ ನನ್ನ ಮೈ ಮುಟ್ಟಿದ್ದು ಯಾವಾಗ? ಒಮ್ಮೆ, ಒಂದೇ ಒಂದು ಸಲ ನನ್ನ ಕಾಲನ್ನೂ ಹಾಗೆ ಹಿಡಿಯಲಿ ಅಂತ ಎಷ್ಟು ಅನ್ನಿಸಿತೆಂದರೆ, ನಾಳಿನ ಓಟ, ಗೆದ್ದವರಿಗೆ ಕೊಡುವ ಕಪ್ಪು ಎಲ್ಲ ಮರೆತೇ ಹೋಯಿತು. ಸಿಟ್ಟೆಲ್ಲ ಹಿಟ್ಟಿನ ಮೇಲೆ ಹೋಯಿತು. ಪಕ್ಕದ ಮನೆಯ ಮುಮತಾಜ್ ಹಿತ್ತಲ ಗೋಡೆಯ ಮೇಲಿಂದ ಇಣುಕಿದಳು.

"ಶಾರದಕ್ಕಾ, ರೊಟ್ಟಿ ಬಡ್ಯಾಕತ್ತೀರೋ, ಯಾರನ್ನರ ಬಡ್ಯಾಕತ್ತೀರೋ?"

"ರೊಟ್ಟಿನವಾ. ಸದ್ಯಾಕ ರೊಟ್ಟಿ."

ಸಂಜೆಯ ಹೊತ್ತಿಗೆ ಓಣಿಯ ಮಂದಿ ಸುಜಾತಾಳನ್ನು ನೋಡಲು ಬರತೊಡಗಿದರು. ಹಬ್ಬದ ಮುಂದೆ ಹೆಸರಾದ ಹೋರಿಯನ್ನು ನೋಡಲು ಬರುತ್ತಾರಲ್ಲ, ಹಾಗೇ. ಅತ್ತೆ ಅವಳನ್ನು ಎಬ್ಬಿಸಿ ನಿಲ್ಲಿಸಿ ತೋರಿಸುತ್ತಿದ್ದರು. "ನೋಡ್ರಿ ಕಾಲು, ಹೆಂಗದಾವ. ನಾಳೆ ಇಕಿ ಗಾಳಿಗಿ ಸಿಗೂದಿಲ್ಲ." ಮುಮತಾಜ್ ಪಾಪ ನನ್ನ ಮೇಲಿನ ಪ್ರೀತಿಗೆ, "ದೊಡ್ಡಾಕಿನೂ ಓಡ್ತಾರಂತಲ್ರಿ ಅಮ್ಮಾ?" ಅಂತ ಕೇಳಿದಳು.

ಅತ್ತೆ ಹಿಂದೆ ತಿರುಗಿ ಕೂಡ ನೋಡಲಿಲ್ಲ. "ಆಕಿ? ಆಕಿ ಏನ್ ಓಡ್ತಾಳ. ಸುಮ್ನ ಹೊಕ್ಕಾಳ."

ನಾನು ಸುಮ್ಮನೆ ಜೊತೆಗೆ ಹೋಗುವವಳಂತೆ, ಓಣಿಯ ಮಂದಿಯ ಮುಂದೆ! ಕೈಯಲ್ಲಿದ್ದ ಹಿಟ್ಟಿನ ಮುದ್ದೆ ಹಾಗೇ ಒಲೆಗೆ ಹಾಕಿಬಿಡಲೇ ಅನ್ನಿಸಿತು. ಅಷ್ಟು ಸಾಲದೆಂಬಂತೆ, ಮಂದಿ ಹೋದ ಮೇಲೆ ಅತ್ತೆ ಹಿತ್ತಲಿಗೆ ಬಂದರು, ರೊಟ್ಟಿ ಎಣಿಸುವವರಂತೆ ಬಗ್ಗಿದರು, ಹೆಂಚಿನ ತಳದ ಮಸಿಯನ್ನು ಬೆರಳಿಗೆ ಹಚ್ಚಿಕೊಂಡು ನನ್ನ ಗಲ್ಲಕ್ಕೆ ಒರೆಸಿ ಹೋದರು. ಕೈ ತಾಗಿತೋ ಬೇಕಂತಲೇ ಮಾಡಿದರೋ ತಿಳಿಯಲಿಲ್ಲ. ತಿಕ್ಕಿ ತಿಕ್ಕಿ ಮುಖ ತೊಳೆದೆ. ಊಟಕ್ಕೆ ಬಡಿಸುವಾಗ ನನ್ನ ಮುಖ ಕಂಡು ಅತ್ತೆಯ ಕೈಯ ತುತ್ತು ಅಲ್ಲೇ ನಿಂತಿತು. "ತೊಳಕೊಂಡ್ಯಾ?" ಅಂದವರೇ ಎದ್ದು ಹೋಗಿ ಮತ್ತೆ ಮಸಿ ತಂದು ಹಚ್ಚಿದರು. "ಇರ್ಲಿ. ಒರಸಬ್ಯಾಡ." ಸುಜಾತಾ ತಲೆ ಬಗ್ಗಿಸಿ ತಿನ್ನುತ್ತಿದ್ದಳು. ನಗು ತಡೆಯುತ್ತಿದ್ದಾಳೆ ಅಂತ ನನಗೆ ಖಾತ್ರಿಯಾಯಿತು.

ಮರುದಿನ ಮೈದುನನ ಟಂಟಂ ಆಟೋದಲ್ಲಿ ಶಿಗ್ಗಾವಿಗೆ ಹೋದೆವು. ಆ ಪಾರ್ಕಿನ ತುಂಬ ಹಳ್ಳಿಯ ಬಾಳುವೆಯ ಸಿಮೆಂಟಿನ ಗೊಂಬೆಗಳು. ಬೀಸುವವರು, ಕುಟ್ಟುವವರು, ಸಂತೆಗೆ ಹೊರಟವರು. ದೀಪದ ಬೆಳಕಿನಲ್ಲಿ ಯಾರು ಮನುಷ್ಯರು ಯಾರು ಗೊಂಬೆ ಗೊತ್ತಾಗುತ್ತಿರಲಿಲ್ಲ. ಅತ್ತೆ ಕಟ್ಟೆಯ ಮೇಲಿನ ಒಬ್ಬ ಮುದುಕಿಯ ಗೊಂಬೆಗೆ, "ಜರಾ ಸರ್ಕೋ ಯವ್ವಾ" ಅಂದು ಪಕ್ಕದಲ್ಲಿ ಕುಳಿತರು. ನಾವು ನಕ್ಕೆವು. "ಸಿಮೆಂಟಂತ ನನಗೂ ಗೊತ್ತೈತಿ. ಹಂಗಂತ ಹೇಳ್ದ ಕೇಳ್ದ ಕುಂದ್ರೂದೇನು?" ಅಂದರು. ಅಲ್ಲೇ ಇದ್ದ ಸಿಮೆಂಟಿನ ಹೋರಿಯನ್ನು ಕೂತಲ್ಲಿಂದಲೇ ಪರೀಕ್ಷೆ ಮಾಡಿ, "ಸುಳಿನ ಬಿಡಿಸಿಲ್ಲ. ಇದನ್ನ ಯಾರ್ ಕೊಳ್ತಾರ" ಅಂತ ತೀರ್ಪು ಕೊಟ್ಟರು.

ಓಟ ಶುರುವಾಯಿತು. ಸುಜಾತಾ ಎಲ್ಲರಿಗಿಂತ ಮುಂದೆ ಹಾರಿದಳು. ನನ್ನ ಕಿವಿಯಲ್ಲಿ ಇದ್ದದ್ದು ಒಂದೇ ಮಾತು: ಆಕಿ ಏನ್ ಓಡ್ತಾಳ. ಆ ಮಾತಿಗೆ ಒಂದೊಂದು ಹೆಜ್ಜೆ ಹಾಕಿದೆ. ಅರ್ಧ ದಾರಿಯಲ್ಲಿ, ಸಿಮೆಂಟಿನ ಸಂತೆಯ ಹತ್ತಿರ, ಸುಜಾತಾ ಸೊಂಟಕ್ಕೆ ಕೈಕೊಟ್ಟು ನಿಂತದ್ದು ಕಂಡಿತು. ನಿಲ್ಲಲಿಲ್ಲ ನಾನು. ಅವಳನ್ನು ದಾಟುವಾಗ ಆದ ಖುಷಿ ಮಗ ಹುಟ್ಟಿದಾಗಲೂ ಆಗಿರಲಿಲ್ಲ. ಹಿರೇಕೆರೂರಿನ ಒಬ್ಬ ಕಾಲೇಜು ಹುಡುಗಿ ಮೊದಲು ಮುಟ್ಟಿದಳು, ಅವಳ ಹಿಂದೆ ನಾನು. ಎರಡನೇ ಬಹುಮಾನದ ಕಪ್ಪು ಹಿಡಿದು ಅತ್ತೆಯ ಮುಂದೆ ನಿಂತು ಕಾದೆ. ಅವರು ಕಪ್ಪನ್ನು ನೋಡಲಿಲ್ಲ, ಮುಖವನ್ನೂ ನೋಡಲಿಲ್ಲ. "ಬೂಟ ಬಿಚ್ಚು. ಟಂಟಂ ಹತ್ತು" ಅಂದರು.

ಟಂಟಂ ಹೊರಟಿತು. ಎದುರು ಸೀಟಿನಲ್ಲಿ ಸುಜಾತಾ ದಣಿದು ನಿದ್ದೆ ಹೋಗಿದ್ದಳು. ಅತ್ತೆ ನನ್ನ ಎರಡೂ ಕಾಲನ್ನು ಎತ್ತಿ ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. "ಅಯ್ಯ, ಬ್ಯಾಡ್ರಿ ಅತ್ತಿ, ಪಾಪ ಹತ್ತೈತಿ" ಅಂತ ಎಳೆದುಕೊಂಡೆ. ಬಿಡಲಿಲ್ಲ. ಸೆರಗಿನ ಗಂಟಿನಿಂದ ಸಣ್ಣ ಎಣ್ಣೆ ಸೀಸೆ ತೆಗೆದು ಹಿಮ್ಮಡಿಯಿಂದ ತಿಕ್ಕಲು ಶುರು ಮಾಡಿದರು.

"ನಮ್ಮಪ್ಪ ಎರಡ ಹೋರಿ ಕಟ್ಟತಿದ್ದ" ಅಂದರು. "ಒಂದನ್ನ ಮುಂದ ಕಟ್ಟಿ, ಜೂಲಾ ಹೊದಸಿ, ಬಂದವರಿಗೆಲ್ಲ ತೋರ್ಸತಿದ್ದ. ಮಂದಿ ಕಣ್ಣೆಲ್ಲ ಅದರ ಮ್ಯಾಲ. ಖರೇ ಓಡೂ ಹೋರಿ ಹಿತ್ತಲದಾಗ. ಅದನ್ನ ಹೊಗಳತಿರ್ಲಿಲ್ಲ, ಮಾರಿಗಿ ಮಸಿ ಬ್ಯಾರೆ. ನಿನ್ನ ಕನ್ಯಾ ನೋಡಾಕ ಬಂದ ದಿನಾನ ಹಿಮ್ಮಡಿ ನೋಡೇನಿ ನಾ."

ಇನ್ನೊಂದು ಕಾಲಿಗೆ ಎಣ್ಣೆ ಹಾಕುತ್ತ ನಕ್ಕರು. "ಮ್ಯಾಲ ನಿನಗ ಸಿಟ್ಟು ಬಂದ್ರ ಮನಿ ದಾಟಿ ಓಡ್ತಿ. ನಿನ್ನ ಸಿಟ್ಟಿನ ಮ್ಯಾಲ ನನಗ ಭಾಳ ನಂಬಿಗಿ, ಶಾರದಾ."

ಶಾರದಾ ಅಂದರು. ಹಾನಗಲ್ ಬರುವ ತನಕ ನಾನು ಕಾಲು ತೆಗೆಯಲಿಲ್ಲ.

ಹೋದ ವರ್ಷ ಬೇಸಿಗೆಯಲ್ಲಿ ಅತ್ತೆ ಹಾಸಿಗೆ ಹಿಡಿದರು. ಕಾಲು ಬಾತು ದಪ್ಪಗಾಗಿದ್ದವು. "ಈ ಹೋರಿನ ಇನ್ನ ಸಂತ್ಯಾಗೂ ಯಾರೂ ಕೇಳೂದಿಲ್ಲ" ಅಂತ ನಗುತ್ತಿದ್ದರು. ದಿನಾ ಎಣ್ಣೆ ತಿಕ್ಕುವುದಕ್ಕೆ ನನಗೂ ಸುಜಾತಾಳಿಗೂ ಜಗಳ. ಕೊನೆಗೆ ಬಲಗಾಲು ನನಗೆ, ಎಡಗಾಲು ಅವಳಿಗೆ ಅಂತಾಯಿತು. ಆಗಲೂ ಅತ್ತೆಯ ಮುಖ ಯಾರ ಕಡೆ ಹೊರಳಿದೆ ಅಂತ ನೋಡಿಕೊಂಡೇ ತಿಕ್ಕುತ್ತಿದ್ದೆ. ಒಂದು ಮಧ್ಯಾಹ್ನ ಇಬ್ಬರ ಕಡೆಗೂ ನೋಡದೆ, ಮೇಲೆ ಜಂತಿ ನೋಡುತ್ತ ಹೋಗಿಬಿಟ್ಟರು.

ಈ ವರ್ಷ ಮತ್ತೆ ಅದೇ ಪಾರ್ಕಿನ ಓಟದ ಸುದ್ದಿ ಬಂತು. ನನ್ನ ಮೊಣಕಾಲು ಹಿಡಿದುಕೊಂಡಿದೆ, ಸುಜಾತಾ ಒಬ್ಬಳೇ ಹೆಸರು ಕೊಟ್ಟಳು. ಅವಳು ಬೂಟಿನ ಧೂಳು ಜಾಡಿಸುತ್ತಿದ್ದಾಗ ನನಗೆ ತಡೆಯಲಾಗಲಿಲ್ಲ. ಇಷ್ಟು ದಿನ ಒಳಗೇ ಇಟ್ಟುಕೊಂಡಿದ್ದ ಟಂಟಂನ ಮಾತನ್ನು ಹೇಳಿಬಿಟ್ಟೆ. ತೋರಿಸುವ ಹೋರಿ ನೀನು, ಓಡುವ ಹೋರಿ ನಾನು ಅಂತ.

"ಗೊತ್ತೈತಿ ಬಿಡಕ್ಕ" ಅಂದಳು. "ಆ ಓಟದ ಹಿಂದಿನ ದಿನ ಮುಂಜಾನೆನ ಅತ್ತಿ ಹೇಳಿದ್ರು ನನಗ. ನೀ ಸುಮ್ನ ಕುಂತ ತಿನ್ನು, ಆಕಿಗಿ ಹೇಳಬ್ಯಾಡ ಅಂದ್ರು. ಹುರಳಿ ಗಂಟಲದಾಗ ಇಳೀಲಿಲ್ಲಕ್ಕ. ಎಣ್ಣಿ ನನ್ನ ಕಾಲಿಗಿ, ಅವರ ಲಕ್ಷ್ಯೆಲ್ಲ ಹಿತ್ತಲ ಕಡೆ. ಊಟಕ್ಕ ಕುಂತಾಗ ನಾ ಅಳಾಕತ್ತಿದ್ದೆ."

ನಗುತ್ತಿದ್ದಾಳೆ ಅಂದುಕೊಂಡಿದ್ದೆನಲ್ಲ. ಅಯ್ಯೋ ಅನ್ನಿಸಿತು. ಆದರೂ ಒಂದು ಮಾತು ಹೇಳುತ್ತೇನೆ, ಬೆಳಿಗ್ಗೆಯೇ ಅತ್ತೆ ಗುಟ್ಟು ಹೇಳಿದ್ದು ಅವಳಿಗೆ, ನನಗಲ್ಲ. ಹೊಟ್ಟೆ ಮತ್ತೆ ಉರಿಯಿತು.

ಓಟ ನಾಳೆ. ಇವತ್ತು ಬೆಳಿಗ್ಗೆ ಸುಜಾತಾಳ ಕೈಯಿಂದ ಕಸಬರಿಗೆ ಕಸಿದುಕೊಳ್ಳಲಿಲ್ಲ. ಗುಡಿಸಲಿ ಅಂತ ಬಿಟ್ಟೆ. ಹಿತ್ತಲಲ್ಲಿ ರೊಟ್ಟಿಗೂ ಅವಳನ್ನೇ ಕೂರಿಸಿ, ಹೋಗುತ್ತಾ ಬರುತ್ತಾ ಹೆಂಚಿನ ಮಸಿ ಗಲ್ಲಕ್ಕೆ ಒರೆಸಿದೆ. ಅವಳು ತಲೆ ಎತ್ತಿ ನನ್ನನ್ನು ನೋಡಿದಳು, ಮಸಿ ಹಾಗೇ ಬಿಟ್ಟು ರೊಟ್ಟಿ ಬಡಿದಳು. ಸಂಜೆ ನಾನು ಮುಂದಿನ ಕಟ್ಟೆಯ ಮೇಲೆ ಕೂತಿದ್ದಾಗ ಮುಮತಾಜ್ ಬಂದಳು.

"ಈ ಸಲ ಸಣ್ಣಾಕಿ ಒಬ್ಬಾಕಿನ ಓಡ್ತಾರಂತಲ್ರಿ ಅಕ್ಕಾ?"

ಹಿಂದೆ ತಿರುಗಿ ನೋಡಲಿಲ್ಲ ನಾನು. ಹಿತ್ತಲಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಒಳಗೆ ಕೇಳಲಿ ಅಂತ ದನಿ ಎತ್ತರಿಸಿ ಹೇಳಿದೆ:

"ಆಕಿ? ಆಕಿ ಏನ್ ಓಡ್ತಾಳ. ಸುಮ್ನ ಹೊಕ್ಕಾಳ."