ಬಾಗಿಲಲ್ಲೇ ಹೆಸರು ಕೇಳುವ ಅಂಗಡಿ

ಮೂರು ಮಹಡಿಯ ಆ ಹಳೆಯ ಕಟ್ಟಡದ ಮೆಟ್ಟಿಲ ಕೆಳಗೆ ಒಂದು ಕೋಣೆ. ಒಳಗೆ ಹೋಗುವಾಗ ತಲೆ ತಗ್ಗಿಸಬೇಕು, ಕುಳಿತ ಮೇಲೆ ಎತ್ತಬಹುದು. ಅಲ್ಲಿ ಇಪ್ಪತ್ತೆಂಟು ವರ್ಷದಿಂದ ಚೀಲ, ಸೂಟ್‌ಕೇಸು, ಜಾಕೆಟ್ಟುಗಳ ಜಿಪ್ ರಿಪೇರಿ ಮಾಡುತ್ತಿದ್ದವಳನ್ನು ಬೀದಿಯವರೆಲ್ಲ ಜಿಪ್ಪಕ್ಕ ಎಂದೇ ಕರೆಯುತ್ತಿದ್ದರು. ಎದುರಿಗಿನ ಇಸ್ತ್ರಿಯವನು, "ಅಕ್ಕ ಊರವರ ಜಿಪ್ಪೆಲ್ಲ ಬಿಚ್ಚಿ ಕೊಡ್ತಾಳೆ, ತನ್ನ ಬಾಯಿಂದು ಮಾತ್ರ ಬಿಚ್ಚಲ್ಲ" ಎಂದು ನಗುತ್ತಿದ್ದ.

ಅದು ಸುಳ್ಳೇನಲ್ಲ. ಮೀಟರ್ ನೋಡಲು ಬಂದವನ ಕಾರ್ಡನ್ನು ಬೆಳಕಿಗೆ ಹಿಡಿದು, ಫೋಟೋ ನೋಡಿ, ಮುಖ ನೋಡಿ, ಮತ್ತೊಮ್ಮೆ ಫೋಟೋ ನೋಡಿದ ಮೇಲೇ ಅವಳು ದಾರಿ ಬಿಡುವುದು. "ಮೇಲಿನ ಮನೆಯವರು ಇದ್ದಾರಾ?" ಎಂದು ಯಾರಾದರೂ ಕೇಳಿದರೆ "ನೀವ್ಯಾರು?" ಎನ್ನುವಳು. ಅವರು ತಾವು ಯಾರೆಂದು ಹೇಳಿದರೆ "ನಂಗೊತ್ತಿಲ್ಲಪ್ಪ" ಎನ್ನುವಳು. ಹಾಗಂತ ತಾನೂ ಗಿರಾಕಿಗಳ ಹೆಸರನ್ನು ಕೇಳಿದವಳಲ್ಲ. ರಿಪೇರಿಗೆ ಚೀಲ ಬಂದರೆ ಒಂದು ಬಟ್ಟೆಯ ಚೂರನ್ನು ಅಂಕುಡೊಂಕಾಗಿ ಕತ್ತರಿಸಿ, ಅರ್ಧ ಚೀಲಕ್ಕೆ ಪಿನ್ನು ಹಾಕಿ ಇನ್ನರ್ಧ ಗಿರಾಕಿಯ ಕೈಗೆ ಕೊಡುವಳು. ಎರಡು ಚೂರೂ ಕೂಡಿದರೆ ಚೀಲ ನಿಮ್ಮದು. ಹೆಸರು ಕಟ್ಟಿಕೊಂಡು ಆಗಬೇಕಾದ್ದೇನು?

ಒಂದು ಸೋಮವಾರ ಬೆಳಿಗ್ಗೆ ಅವಳ ಮಿಷನ್ ಟಕ್ ಎಂದಿತು. ಚರ್ಮ, ಕ್ಯಾನ್ವಾಸು ಏನು ಕೊಟ್ಟರೂ ಹೊಲಿದು ಹಾಕುವ ಮಿಷನ್ ಅದು. ಮೇಲಿನ ದಾರವನ್ನು ಹಿಡಿದು ಬಾಬಿನ್ನಿನ ಸುತ್ತ ಎಳೆದು ತರುವ ಹುಕ್ಕಿನ ತುದಿ ಮುರಿದಿತ್ತು. ಮೆಕ್ಯಾನಿಕ್ಕು ಬಂದು ನೋಡಿ ತುಟಿ ಮುಂದೆ ಮಾಡಿದ.

"ಈ ಕಂಪನಿಯೇ ಮುಚ್ಚಿಹೋಯ್ತು ಅಕ್ಕ. ಈ ಹುಕ್ಕು ಈಗ ಒಂದೇ ಅಂಗಡೀಲಿ ಸಿಗೋದು. ಅದು ಬೀದೀಲಿಲ್ಲ, ಫೋನಲ್ಲಿದೆ."

ಕಟ್ಟಡದ ಯಜಮಾನರಿಗೆ ಸುದ್ದಿ ಮುಟ್ಟಲು ಒಂದು ದಿನವೂ ಬೇಕಾಗಲಿಲ್ಲ. ಅವರ ಬಾಮೈದನಿಗೆ ಜೆರಾಕ್ಸ್ ಅಂಗಡಿ ಇಡಲು ಆ ಕೋಣೆಯ ಮೇಲೆ ಎರಡು ವರ್ಷದಿಂದ ಕಣ್ಣು.

"ನೀವು ಕೆಲಸ ಮಾಡೋ ತನಕ ಕೋಣೆ ನಿಮ್ದೇ ಅಕ್ಕ, ನಾನು ಎರಡು ಮಾತಾಡಲ್ಲ" ಎಂದರು ಯಜಮಾನರು. "ಆದ್ರೆ ಮಿಷನ್ ನಿಂತೇ ಹೋದ್ರೆ ಬೀಗ ಹಾಕಿ ಇಡೋಕೆ ಕೊಡಕ್ಕಾಗಲ್ಲ. ತಿಂಗಳ ಕೊನೆ ತನಕ ನೋಡ್ತೀನಿ."

ಅವರು ಮಾತಾಡುತ್ತಿದ್ದಷ್ಟು ಹೊತ್ತೂ ಬಾಮೈದ ಬಾಗಿಲಿನ ಅಗಲವನ್ನು ಕಣ್ಣಲ್ಲೇ ಅಳೆಯುತ್ತಿದ್ದ.

ಸಂಜೆ ತಂಗಿಯ ಮಗಳು ಬಂದಳು. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ರಿಪೋರ್ಟು ಟೈಪ್ ಮಾಡುವ ಹುಡುಗಿ. ಫೋನಿನಲ್ಲಿ ಆ ಅಂಗಡಿಯನ್ನು ಹುಡುಕಿ ತೆಗೆದಳು. ಪರದೆಯ ಮೇಲೆ ಒಂದು ನೀಲಿ ಬಾಗಿಲಿನ ಚಿತ್ರ, ಕೆಳಗೆ ಖಾಲಿ ಗೆರೆಗಳು.

"ದೊಡ್ಡಮ್ಮ, ಮೊದ್ಲು ರಿಜಿಸ್ಟರ್ ಮಾಡ್ಬೇಕಂತೆ. ಹೆಸರು, ಫೋನ್ ನಂಬರು, ವಿಳಾಸ, ಹುಟ್ಟಿದ ದಿನ."

"ಹುಕ್ಕು ಇದೆಯಾ ಅಂತ ಕೇಳು."

"ಅದು ಒಳಗೆ ಹೋದ್ಮೇಲೆ ಕಾಣ್ಸೋದು."

"ಒಳಗೇನಿದೆ ಅಂತ ನೋಡೋಕೂ ನಾನು ಹುಟ್ಟಿದ ದಿನ ಹೇಳ್ಬೇಕಾ? ಹುಕ್ಕಿಗೂ ನನ್ನ ಹುಟ್ಟಿಗೂ ಏನು ಸಂಬಂಧ?"

"ಹುಟ್ಟುಹಬ್ಬಕ್ಕೆ ಶುಭಾಶಯ ಕಳಿಸ್ತಾರಂತೆ."

"ನನ್ನ ಒಡಹುಟ್ಟಿದೋಳೇ ಕಳಿಸಲ್ಲ, ಇವರ್ಯಾಕೆ ಕಳಿಸ್ತಾರೆ? ಮುಚ್ಚು ಅದನ್ನ."

ಹುಡುಗಿ ಮುಚ್ಚಿದಳು. ತಾಯಿಗೆ ಬಿದ್ದ ಏಟಿಗೆ ಒಳಗೊಳಗೇ ನಕ್ಕಳು.

ಮಾರನೆಯ ದಿನದಿಂದ ಜಿಪ್ಪಕ್ಕನ ಅಲೆದಾಟ ಶುರುವಾಯಿತು. ಮುರಿದ ಹುಕ್ಕನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹಳೆಯ ಪೇಟೆಯ ಏಳು ಅಂಗಡಿ ಹತ್ತಿಳಿದಳು. ಎಲ್ಲರೂ ಹುಕ್ಕನ್ನು ಅತ್ತಿತ್ತ ತಿರುಗಿಸಿ ನೋಡಿ "ಆನ್‌ಲೈನಲ್ಲಿ ನೋಡಿ ಅಮ್ಮ" ಎಂದು ಹಿಂದೆ ಕೊಟ್ಟರು. ಒಬ್ಬ ಮಾತ್ರ ತನ್ನಲ್ಲಿದ್ದ ಬೇರೆ ಹುಕ್ಕನ್ನೇ ಉಜ್ಜಿ ಕೂರಿಸಿ ಕೊಡುತ್ತೇನೆಂದ. ಅವನ ಮಾತಿನ ಅವಸರ ಅವಳಿಗೆ ಹಿಡಿಸಲಿಲ್ಲ, ಎದ್ದು ಬಂದಳು. ವಾರ ಕಳೆದು ಅವಳು ಹಿಂತಿರುಗಿದಾಗ ಬಾಮೈದ ಅವಳ ಬಾಗಿಲಿಗೆ ಟೇಪು ಹಿಡಿದು ನಿಂತಿದ್ದ.

"ಸುಮ್ನೆ ನೋಡ್ತಿದ್ದೆ ಅಕ್ಕ."

"ಸುಮ್ನೆ ನೋಡೋಕೆ ಟೇಪು ಬೇಕಾ?"

ಆ ಸಂಜೆಯೇ ತಂಗಿಯ ಮಗಳಿಗೆ ಬುಲಾವು ಹೋಯಿತು.

"ಬರಿ. ಹೆಸರು ನಮ್ಮತ್ತೇದು ಹಾಕು."

"ಅಜ್ಜಿ ಹೋಗಿ ಒಂಬತ್ತು ವರ್ಷ ಆಯ್ತಲ್ಲ ದೊಡ್ಡಮ್ಮ?"

"ಅದಕ್ಕೇ ಹೇಳಿದ್ದು. ಬದುಕಿದ್ದಾಗಲೇ ಯಾರಿಗೂ ಸೊಪ್ಪು ಹಾಕಿದೋಳಲ್ಲ, ಈಗ ಇವರು ಅವಳನ್ನೇನು ಮಾಡ್ಯಾರು?"

"ಹುಟ್ಟಿದ ದಿನ?"

"ಬೇಸಿಗೆ ಅಂತ ಬರಿ."

"ಬೇಸಿಗೆ ಅಂತ ಬರೆಯೋಕೆ ಜಾಗ ಕೊಟ್ಟಿಲ್ಲ."

ತೊಂಬತ್ತಮೂರು ವರ್ಷಕ್ಕೆ ಸರಿಯಾಗಿ ಯಾವುದೋ ಒಂದು ತಾರೀಖು ಹಾಕಿದರು. ಫೋನ್ ನಂಬರು ಹುಡುಗಿಯದು, ವಿಳಾಸ ಮಾತ್ರ ಈ ಕೋಣೆಯದೇ. ನೀಲಿ ಬಾಗಿಲು ತೆರೆಯಿತು. ಒಳಗೆ ಸಾವಿರ ಸಾಮಾನು, ಅವುಗಳ ನಡುವೆ ಅವಳ ಹುಕ್ಕು, ಅದೇ ನಂಬರಿನದು. ಜಿಪ್ಪಕ್ಕ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದಳು. ಚಿತ್ರವನ್ನು ಮುಟ್ಟಿ ನೋಡಲಾಗುವುದಿಲ್ಲವಲ್ಲ ಎಂಬುದೇ ಅವಳ ಕೊರಗು. "ಇಪ್ಪತ್ತೊಂಬತ್ತಕ್ಕೆ ಬರತ್ತೆ, ಕೈಗೆ ಬಂದ್ಮೇಲೆ ದುಡ್ಡು" ಎಂದಳು ಹುಡುಗಿ.

ಮೂರನೆಯ ದಿನದಿಂದ ಹುಡುಗಿಯ ಫೋನಿಗೆ ಅತ್ತೆಯ ಹೆಸರಿಗೆ ಮೆಸೇಜುಗಳು ಬರತೊಡಗಿದವು. ಊರುಗೋಲು, ಮಂಡಿಪಟ್ಟಿ, ಕಿವಿಯ ಮಿಷನ್, ಹಲ್ಲುಸೆಟ್ಟು ತೊಳೆಯುವ ಪುಡಿ. ಅಲ್ಲಿಯವರೆಗೆ ನಗು. ಆಮೇಲೆ ಯಾವುದೋ ಬೇರೆಯೇ ಕಂಪನಿಯ ಹೆಣ್ಣುಮಗಳು ಫೋನ್ ಮಾಡಿ, ಅತ್ತೆಯ ಹೆಸರು ಹಿಡಿದು ಕರೆದು, ಮುಂದಿನ ಇಪ್ಪತ್ತು ವರ್ಷಕ್ಕೆ ಒಂದು ಪಾಲಿಸಿ ಮಾಡಿಸಿ ಎಂದಳು.

ಜಿಪ್ಪಕ್ಕ ನಗಲಿಲ್ಲ. "ಈ ಹೆಸರನ್ನ ನಾವು ಎಷ್ಟು ಕಡೆ ಹೇಳಿದ್ವಿ?"

"ಒಂದೇ ಕಡೆ."

"ಮತ್ತೆ ಇವಳಿಗೆ ಯಾರು ಹೇಳಿದ್ರು?"

ಹುಡುಗಿ ಆ ನಂಬರನ್ನು ಬ್ಲಾಕ್ ಮಾಡಿದಳು. ಅಂದಿನಿಂದ ಗುರುತಿಲ್ಲದ ನಂಬರು ಬಂದರೆ ಅವಳು ಫೋನನ್ನೇ ಎತ್ತಲಿಲ್ಲ. ಜಿಪ್ಪಕ್ಕ ಬೀದಿಯಲ್ಲಿ ನಡೆಯುವಾಗ ಹಿಂದೆ ತಿರುಗಿ ನೋಡುವಂತಾದಳು.

ಇಪ್ಪತ್ತೇಳನೆಯ ತಾರೀಖು ಮಧ್ಯಾಹ್ನ ಬಾಗಿಲಲ್ಲಿ ನೆರಳು ಬಿತ್ತು. ತಲೆಯ ಮೇಲಿನ ಹೆಲ್ಮೆಟ್ ತೆಗೆಯದ ಒಬ್ಬ ಗಂಡಸು, ಕೈಯಲ್ಲಿ ಫೋನು. ಅತ್ತೆಯ ಹೆಸರನ್ನು ಪೂರ್ತಿ ಓದಿ, "ಇವ್ರು ಇದ್ದಾರಾ?" ಎಂದ.

ಜಿಪ್ಪಕ್ಕ ಕತ್ತರಿ ಕೆಳಗಿಟ್ಟಳು. ಪಾಲಿಸಿಯವರು ಕೋಣೆ ಹುಡುಕಿಕೊಂಡು ಬಂದೇಬಿಟ್ಟರು.

"ಇಲ್ಲ."

"ಯಾವಾಗ ಸಿಗ್ತಾರೆ?"

"ಸಿಗಲ್ಲ. ತೀರ್ಕೊಂಡು ಒಂಬತ್ತು ವರ್ಷ ಆಯ್ತು."

"ಅದಕ್ಕಾ ಫೋನ್ ಎತ್ತಲ್ಲ" ಎಂದು ಅವನು ಗೊಣಗಿದ. ಅವಳ ಮುಖ ನೋಡಿದ, ಫೋನು ನೋಡಿದ, ಏನನ್ನೋ ಒತ್ತಿದ. "ನಂಗ್ಯಾಕೆ ಬೇಕಿತ್ತು ಈ ಬಿಸಿಲಲ್ಲಿ" ಎನ್ನುತ್ತ ಹೊರಟೇ ಹೋದ.

ಗೆದ್ದೆನೆಂದು ಅವಳು ಬಾಗಿಲಿಗೆ ಬಂದಳು. ಎದುರಿನಿಂದ ಇಸ್ತ್ರಿಯವನು ಕೇಳಿದ, "ಏನು ಪಾರ್ಸಲ್ ಅಕ್ಕ? ತಗೊಳ್ಳಲೇ ಇಲ್ಲವಲ್ಲ?"

"ಯಾವ ಪಾರ್ಸಲ್?"

"ಅವನ ಗಾಡಿ ಹಿಂದೆ ಪೆಟ್ಟಿಗೆ ತುಂಬ ಅದೇ ಇತ್ತಲ್ಲ. ಹೇಳಿದ ದಿನಕ್ಕಿಂತ ಒಂದೆರಡು ದಿನ ಮೊದ್ಲೇ ತಂದುಕೊಡ್ತಾರೆ ಈಗ."

ಜಿಪ್ಪಕ್ಕ ಹೊಸ್ತಿಲ ಮೇಲೇ ಕುಳಿತಳು.

ಮರುದಿನ ಬೆಳಿಗ್ಗೆ ತಂಗಿಯ ಮಗಳು ಅರ್ಧ ದಿನ ರಜೆ ಹಾಕಿದಳು. ಎರಡು ಬಸ್ಸು ಬದಲಿಸಿ ಇಬ್ಬರೂ ಪಾರ್ಸಲ್ ಗೋದಾಮಿಗೆ ಹೋದರು. ತಗಡಿನ ಸೂರು, ಉದ್ದನೆಯ ಸಾಲು, ಸರಳುಗಳ ಹಿಂದೆ ಒಬ್ಬಳು ಗುಮಾಸ್ತೆ. ಕಂಪ್ಯೂಟರ್ ನೋಡಿ ಹುಬ್ಬೇರಿಸಿದಳು.

"ಇವರು ತೀರ್ಕೊಂಡು ಒಂಬತ್ತು ವರ್ಷ ಆಯ್ತು ಅಂತಿದೆ. ನೀವೇನಾಗ್ಬೇಕು?"

"ಸೊಸೆ."

"ಹಾಗಾದ್ರೆ ಮರಣದ ಸರ್ಟಿಫಿಕೇಟು, ವಾರಸುದಾರರ ಕಾಗದ ತನ್ನಿ."

"ಒಂದು ಹುಕ್ಕಿಗೆ ವಾರಸುದಾರರಾ ತಾಯಿ?"

"ಒಂಬತ್ತು ವರ್ಷದ ಹಿಂದೆ ಹೋದೋರು ಹೋದ ವಾರ ಹುಕ್ಕು ತರಿಸಿದಾರಲ್ಲ, ಅದನ್ನ ನಾನು ಕೇಳ್ತಿಲ್ಲ" ಎಂದಳು ಗುಮಾಸ್ತೆ. "ಇಲ್ಲಾಂದ್ರೆ ರಿಜಿಸ್ಟರ್ ಮಾಡಿದ ಫೋನಲ್ಲೇ ನಿಮ್ಮ ಹೆಸರಿಗೆ ತಿದ್ದಿ, ಆ ಹೆಸರಿನ ಗುರುತಿನ ಚೀಟಿ ತೋರ್ಸಿ. ಸಂಜೆ ಗಾಡೀಲಿ ಇದು ವಾಪಸ್ ಹೋಗತ್ತೆ."

ಸಾಲಿನಲ್ಲಿದ್ದವರು ನಕ್ಕರು. ಜಿಪ್ಪಕ್ಕ ಪಕ್ಕಕ್ಕೆ ಸರಿದು ಗೋಡೆಗೆ ಆತು ನಿಂತಳು. ಆ ಹೆಸರು ಎಲ್ಲಿಂದ ಎಲ್ಲಿಗೆ ಹೋಯಿತೆಂದು ಅವಳು ಕಣ್ಣಾರೆ ಕಂಡಿದ್ದಳು. ಸತ್ತ ಅತ್ತೆಯನ್ನೇ ಬಿಡದವರು ಬದುಕಿರುವ ತನ್ನನ್ನು ಬಿಟ್ಟಾರೆಯೇ? ಕೊಟ್ಟ ಹೆಸರನ್ನು ಹಿಂದಕ್ಕೆ ಕೇಳಲು ಯಾವ ಬಾಗಿಲಿಗೆ ಹೋಗುವುದು? ಆದರೆ ಕೋಣೆ ಹೋದರೆ ದುಡಿಮೆಯೂ ಹೋಗಿ, ಉಳಿಯುವುದು ತಂಗಿಯ ಮನೆಯ ಹಜಾರದ ಮೂಲೆ. ಅಲ್ಲಿ ಕುಳಿತು ಅವರಿವರ ಕಾಲು ದಾಟುವುದನ್ನು ನೋಡಬೇಕು.

"ಬರಿ" ಎಂದಳು ಹುಡುಗಿಗೆ. ತನ್ನ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. ಅವಳ ಬೆರಳು ಎಲ್ಲೆಲ್ಲಿ ಬೀಳುತ್ತದೆಂದು ಬಗ್ಗಿ ನೋಡಿದಳು. "ಹುಟ್ಟಿದ ದಿನ ಮಾತ್ರ ಅತ್ತೇದೇ ಇರ್ಲಿ."

ಗುಮಾಸ್ತೆ ಚೀಟಿ ನೋಡಿ, ಪೊಟ್ಟಣ ತಂದು ಒಂದು ಕಾಗದ ಮುಂದಿಟ್ಟಳು. "ಸಹಿ ಹಾಕಿ."

"ಮೊದ್ಲು ಬಿಚ್ಚಿ ತೋರ್ಸಮ್ಮ."

"ಸಹಿ ಮಾಡಿದ್ಮೇಲೆ ಬಿಚ್ಚೋದು. ರೂಲ್ಸು."

"ಹೆಸರು ಕೊಟ್ಟೆ, ವಿಳಾಸ ಕೊಟ್ಟೆ, ಸತ್ತೋರನ್ನ ತಂದು ನಿಲ್ಲಿಸಿದೆ. ಇನ್ನು ನೋಡದೆ ನಾನು ಏನನ್ನೂ ಕೊಡಲ್ಲ."

ಅವಳು ಕದಲಲಿಲ್ಲ. ಸಾಲು ಹಿಂದೆ ಬಾಗಿಲು ದಾಟಿ ಬೆಳೆಯಿತು. ಕೊನೆಗೆ ಯಾರೋ ಒಬ್ಬರು, "ತೋರ್ಸಿಬಿಡಿ ಮೇಡಂ, ನಮಗೂ ಊಟದ ಹೊತ್ತಾಯ್ತು" ಎಂದರು. ಗುಮಾಸ್ತೆ ನಿಟ್ಟುಸಿರು ಬಿಟ್ಟು ಬ್ಲೇಡು ಎಳೆದಳು. ಜಿಪ್ಪಕ್ಕ ಹಳೆಯ ಹುಕ್ಕನ್ನೂ ಹೊಸದನ್ನೂ ಅಂಗೈ ಮೇಲೆ ಇಟ್ಟು ತಿರುಗಿಸಿ ನೋಡಿದಳು, ತುದಿಗೆ ಉಗುರು ತಾಗಿಸಿದಳು. ಆಮೇಲೆ ದುಡ್ಡು ಎಣಿಸಿಟ್ಟು ಪೆನ್ನು ಕೇಳಿದಳು.

ಮೂವತ್ತನೆಯ ತಾರೀಖು ಯಜಮಾನರೂ ಬಾಮೈದನೂ ಮೆಟ್ಟಿಲಿಳಿದು ಬಂದಾಗ ಮಿಷನ್ ಒಂದೇ ಸಮನೆ ಕಟಕಟ ಎನ್ನುತ್ತಿತ್ತು. ಬಾಮೈದ ತಲೆ ತಗ್ಗಿಸಿ ಒಳಗೆ ಇಣುಕಿದ. ಸೂಜಿಯ ಕೆಳಗೆ ದಪ್ಪ ಕ್ಯಾನ್ವಾಸು ಸಲೀಸಾಗಿ ಸರಿಯುತ್ತಿತ್ತು.

"ಸಿಗಲ್ಲ ಅಂದಿದ್ರಲ್ಲ ಎಲ್ಲರೂ" ಎಂದ ಅವನು. "ಎಲ್ಲಿ ತಗೊಂಡ್ರಿ ಅಕ್ಕ?"

ಜಿಪ್ಪಕ್ಕ ಅವನನ್ನೊಮ್ಮೆ, ಅವನ ಭಾವನನ್ನೊಮ್ಮೆ ನೋಡಿದಳು.

"ಸಿಕ್ತು" ಎಂದು ಹೇಳಿ ಪೆಡಲ್ ಒತ್ತಿದಳು.