ತೂಕಡಿಸುವ ಶ್ರುತಿ

ಗೋಣಿಬೀಡಿನ ಶಾಂತಕುಮಾರಿಗೆ ದೇವರು ಎರಡು ವರ ಕೊಟ್ಟಿದ್ದ. ಒಂದು, ಕೂತಲ್ಲೇ ಬರುವ ನಿದ್ದೆ. ಇನ್ನೊಂದು, ನಿದ್ದೆಯಲ್ಲೂ ನಿಲ್ಲದ ಬಲಗೈ. ಎರಡೂ ಒಂದೇ ಕಡೆ ಸೇರಿದರೆ ಏನಾಗುತ್ತದೆ ಅನ್ನುವುದನ್ನು ಅವನು ಯೋಚಿಸಿದಂತಿಲ್ಲ. ಯೋಚಿಸಿದ್ದರೆ ಅವಳನ್ನು ಅಕ್ಕನ ಬಳಗದ ಶ್ರುತಿ ಪೆಟ್ಟಿಗೆಯ ಮುಂದೆ ಕೂರಲು ಬಿಡುತ್ತಿರಲಿಲ್ಲ.

ಕೂರಿಸಿದವರು ಎದುರುಮನೆಯ ಸರೋಜಮ್ಮ. ದಿನಸಿ ಅಂಗಡಿ ಗಂಗಾಧರಪ್ಪನ ಕೈಹಿಡಿದು ಶಾಂತಕ್ಕ ಊರಿಗೆ ಬಂದ ಹೊಸತರಲ್ಲೇ ಅವರು ಅವಳಿಂದ ಒಂದು ವಚನ ಹಾಡಿಸಿ ನೋಡಿದ್ದರು. ಅರ್ಧಕ್ಕೇ ಕೈಯೆತ್ತಿ ನಿಲ್ಲಿಸಿ, "ಕಂಠ ಇಲ್ಲ. ಹೋಗ್ಲಿ, ಕೈ ಇದೆಯಲ್ಲ" ಅಂದು ಪೆಟ್ಟಿಗೆಯನ್ನು ಅವಳ ಮುಂದಕ್ಕೆ ತಳ್ಳಿದರು. ಅಂದಿನಿಂದ ಪ್ರತಿ ಸೋಮವಾರ ಸಂಜೆ, ಬಳಗದವರು ವಚನ ಹಾಡುವ ಮಂಟಪದ ಕಂಬಕ್ಕೆ ಒರಗಿ ತಿದಿ ಒತ್ತುವುದು ಅವಳ ಕೆಲಸವಾಯಿತು. ರಾಗವಿಲ್ಲ, ತಾಳವಿಲ್ಲ, ಬರೀ ಒಂದು ಗುಂಯ್ ಅನ್ನುವ ನಾದ. ಎರಡನೇ ವಚನ ಮುಗಿಯುವಷ್ಟರಲ್ಲಿ ಶಾಂತಕ್ಕನ ಗಲ್ಲ ಎದೆಗೆ ತಾಗಿರುತ್ತಿತ್ತು. ಕೈ ಮಾತ್ರ ತನ್ನ ಪಾಡಿಗೆ ತಾನು ಒತ್ತುತ್ತಲೇ ಇರುತ್ತಿತ್ತು.

ಯಾರಾದರೂ ತಿವಿದರೆ ಅವಳದು ಒಂದೇ ಉತ್ತರ. "ನಿದ್ದೆ ಎಲ್ಲಿ ಮಾಡ್ದೆ? ಕಣ್ಣು ಮುಚ್ಚಿ ಕೇಳ್ತಿದ್ದೆ."

ಮೂವತ್ತು ವರ್ಷ ಇದನ್ನು ಯಾರೂ ನಂಬಲಿಲ್ಲ. ಶ್ರುತಿ ಒಮ್ಮೆಯೂ ನಿಲ್ಲದ ಕಾರಣ ಯಾರಿಗೂ ಬಯ್ಯಲೂ ಆಗಲಿಲ್ಲ.

ಎಡವಟ್ಟಾಗಿದ್ದು ಹೋದ ವರ್ಷದ ಕಾರ್ತಿಕದಲ್ಲಿ. ಆ ಮಳೆಗಾಲದಲ್ಲೇ ಸರೋಜಮ್ಮನ ಯಜಮಾನರು, ಪಾತ್ರೆ ಅಂಗಡಿಯ ವಿಶ್ವನಾಥ್, ತೀರಿಕೊಂಡಿದ್ದರು. ಅವರು ಬದುಕಿದ್ದಾಗ ಅವರ ಗೊರಕೆಯ ಬಗ್ಗೆ ಸರೋಜಮ್ಮ ಹೇಳುತ್ತಿದ್ದ ದೂರು ಬೀದಿಗೆಲ್ಲ ಬಾಯಿಪಾಠವಾಗಿತ್ತು. ಅವರು ಹೋದಮೇಲೆ ಸರೋಜಮ್ಮನಿಗೆ ಮೂಗಿನ ತುದಿಯಲ್ಲೇ ಕೋಪ. ಅಂಥ ಹೊತ್ತಿನಲ್ಲಿ ಮಠದ ಸ್ವಾಮಿಗಳು ಮಂಟಪಕ್ಕೆ ಬಂದರು. ಪೆಟ್ಟಿಗೆಯ ಮುಂದೆ ಮೈಕು ಇಟ್ಟಿದ್ದರು. ವಚನ ಮುಗಿದು, ಸ್ವಾಮಿಗಳು ಮಾತಾಡಲು ಬಾಯಿ ತೆರೆದು, ಸಭೆ ನಿಶ್ಶಬ್ದವಾದಾಗ ಶಾಂತಕ್ಕನ ಗೊರಕೆ ಬಸ್ ಸ್ಟ್ಯಾಂಡಿನವರೆಗೂ ಕೇಳಿಸಿತು. ಸ್ವಾಮಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಸರೋಜಮ್ಮ ನಗಲಿಲ್ಲ.

ಮುಂದಿನ ಸೋಮವಾರ ಶಾಂತಕ್ಕ ಹೋಗಿ ನೋಡಿದರೆ, ಅವಳ ಜಾಗದಲ್ಲಿ ಕರೆಂಟಿನ ಶ್ರುತಿ ಪೆಟ್ಟಿಗೆ ಕೂತಿತ್ತು. ಹಣೆಗೆ ವಿಭೂತಿ ಬೇರೆ ಹಚ್ಚಿದ್ದರು.

"ಇದು ತೂಕಡಿಸೋದಿಲ್ಲ" ಎಂದರು ಸರೋಜಮ್ಮ. "ಹಳೇ ಪೆಟ್ಟಿಗೆ ನೀನೇ ಇಟ್ಕೋ."

ಶಾಂತಕ್ಕ ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದಳು. ಆ ರಾತ್ರಿ ಊಟ ಬೇಡವೆಂದಳು. ಆಮೇಲಿನ ಸೋಮವಾರಗಳಲ್ಲಿ ಮಂಟಪದಿಂದ ಹಾಡು ಕೇಳಿದಾಗಲೆಲ್ಲ, ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸುತ್ತ ಕೂರುತ್ತಿದ್ದಳು. ಅವಳಿಗೆ ಅವಮಾನಕ್ಕಿಂತ ಹೆಚ್ಚಾಗಿ ಸಂಕಟವಾಗಿತ್ತು.

"ಹೋಗ್ಲಿ ಬಿಡು ಮಾರಾಯ್ತಿ, ಮನೇಲೇ ನಿದ್ದೆ ಮಾಡು" ಎಂದ ಗಂಗಾಧರಪ್ಪ.

"ಮನೇಲಿ ಮಾಡೋದು ಬೇರೆ, ಅಲ್ಲಿ ಮಾಡೋದು ಬೇರೆ. ನಿಮಗೆ ಗೊತ್ತಾಗಲ್ಲ. ಸರೋಜಕ್ಕನೇ ಬಂದು ಕರೆದ್ರೆ ಹೋಗ್ತೀನಿ. ಇಲ್ದಿದ್ರೆ ಆ ಮಂಟಪದ ಮೆಟ್ಟಿಲು ಹತ್ತಲ್ಲ."

ಸರೋಜಮ್ಮ ಬಂದು ಕರೆಯುವುದೂ ಒಂದೇ, ಹೇಮಾವತಿ ಹಿಂದಕ್ಕೆ ಹರಿಯುವುದೂ ಒಂದೇ ಎಂದು ಗಂಗಾಧರಪ್ಪ ಮನಸ್ಸಿನಲ್ಲೇ ಅಂದುಕೊಂಡ.

ಸರೋಜಮ್ಮನ ಬದಲು ಬಂದವನು ಜಾವಳಿ ಊರಿನ ರೇಣುಕಪ್ರಸಾದ್. ತನ್ನ ಎಸ್ಟೇಟಿನ ಹಳೆಯ ಕಾಫಿ ಗೋದಾಮನ್ನು ಗುಡಿಸಿ, ಹೋಮ್‌ಸ್ಟೇಗೆ ಬರುವವರಿಗಾಗಿ ಅಲ್ಲಿ ಭಾನುವಾರಗಳಂದು ಧ್ಯಾನ ಸಂಗೀತ ನಡೆಸುತ್ತಿದ್ದ. ತನ್ನ ಸಂಗೀತಕ್ಕೆ ಕರೆಂಟು ಸೋಕಬಾರದು ಅನ್ನುವುದು ಅವನ ಶಪಥ. ಕೊಳಲು, ತಂಬೂರಿ, ಕಂಚಿನ ಬಟ್ಟಲುಗಳು, ಅಷ್ಟೇ. ರೆಕಾರ್ಡ್ ಮಾಡುವ ಮೊಬೈಲಿಗೆ ಮಾತ್ರ ಶಪಥದಿಂದ ವಿನಾಯಿತಿ ಇತ್ತು. ಊದುಬತ್ತಿ ಕೊಳ್ಳಲು ಅಂಗಡಿಗೆ ಬಂದವನು ಮೂಲೆಯಲ್ಲಿದ್ದ ಶ್ರುತಿ ಪೆಟ್ಟಿಗೆಯನ್ನು ಕಂಡ. ಅದನ್ನು ಮಾರಲು ಶಾಂತಕ್ಕ ಒಪ್ಪದಿದ್ದಾಗ, ಪೆಟ್ಟಿಗೆಯ ಜೊತೆ ಅವಳನ್ನೂ ಕರೆದ.

ಗೋದಾಮಿನ ಬಾಗಿಲಲ್ಲೇ ಶಾಂತಕ್ಕನ ಕಾಲು ನಿಂತಿತು. ಒಳಗೆ ಜನ ಸಾಲಾಗಿ ಮಲಗಿದ್ದರು. ಕತ್ತಿನವರೆಗೆ ಬಿಳಿ ಹೊದಿಕೆ, ಕಣ್ಣಿನ ಮೇಲೆ ಪಟ್ಟಿ. ಅವಳ ಕೈ ತಾನಾಗಿ ಕೊರಳಿನ ಲಿಂಗಕ್ಕೆ ಹೋಯಿತು.

"ಏನಾಗಿದೆ ಇವ್ರಿಗೆಲ್ಲ?"

"ಏನೂ ಆಗಿಲ್ಲಮ್ಮ. ಮನಸ್ಸು ಹಗುರಾಗ್ಲಿ ಅಂತ ಮಲಗಿದಾರೆ."

"ಅದಕ್ಕೆ ಘಾಟಿ ಹತ್ತಿ ಬರ್ಬೇಕಾ?"

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುತ್ತಾರೆ. ಇವರು ಚಿಂತೆಯನ್ನು ಕಾರಿನ ಡಿಕ್ಕಿಯಲ್ಲಿ ತುಂಬಿಕೊಂಡು ಬಂದವರು. ಆದ್ದರಿಂದ ಅವರಿಗಿಂತ ಮೊದಲು ನಿದ್ದೆ ಹೋದವಳು ಶಾಂತಕ್ಕ. ರೇಣುಕಪ್ರಸಾದ್ ಕೊಳಲೂದುತ್ತಲೇ ಅವಳ ಗೊರಕೆ ಕೇಳಿ ಬೆವರಿದ. ಆದರೆ ಕಣ್ಣುಪಟ್ಟಿಯ ಜನ ಒಬ್ಬೊಬ್ಬರಾಗಿ ಅದೇ ಗೊರಕೆಯ ಹಿಂದೆ ನಿದ್ದೆಗೆ ಹೊರಟುಹೋದರು. ಎದ್ದಮೇಲೆ ಒಬ್ಬರು, "ಆ ತಗ್ಗು ಸ್ವರ ಇತ್ತಲ್ಲ, ಅದು ಯಾವ ವಾದ್ಯ?" ಎಂದು ಕೇಳಿದರು. "ಈ ಕಡೆಯದೇ" ಎಂದ ರೇಣುಕಪ್ರಸಾದ್. ಗೊರಕೆಯ ಸಮೇತ ಅದನ್ನು ಯೂಟ್ಯೂಬಿಗೂ ಹಾಕಿದ.

ಎರಡೇ ದಿನದಲ್ಲಿ ಅದು ಗೋಣಿಬೀಡಿನ ಎಲ್ಲ ಮೊಬೈಲುಗಳಲ್ಲೂ ಗೊರಕೆ ಹೊಡೆಯುತ್ತಿತ್ತು. ಸರೋಜಮ್ಮನ ಸೊಸೆ ಭುವನಾ ನಕ್ಕು ನಕ್ಕು ಅತ್ತೆಗೂ ಕೇಳಿಸಿದಳಂತೆ. ಶಾಂತಕ್ಕನಿಗೆ ಸುದ್ದಿ ಮುಟ್ಟಿತು. ಇನ್ನು ಸರೋಜಕ್ಕ ತನ್ನನ್ನು ಕರೆದಂತೆಯೇ ಸರಿ ಎಂದು ಆಸೆ ಬಿಟ್ಟಳು.

ಆದರೆ ಒಂದು ಮಧ್ಯಾಹ್ನ ಸರೋಜಮ್ಮ ಲೋಟ ಹಿಡಿದು ಬಂದರು. "ಹೆಪ್ಪಿಗೆ ಚೂರು ಮೊಸರು ಕೊಡು."

ಅವರ ಮನೆಯ ಫ್ರಿಜ್ಜಿನಲ್ಲಿ ಯಾವಾಗಲೂ ಎರಡು ಪಾತ್ರೆ ಮೊಸರು ಇರುವುದು ಶಾಂತಕ್ಕನಿಗೆ ಗೊತ್ತಿತ್ತು. ಆದರೂ ಕೊಟ್ಟಳು. ಸರೋಜಮ್ಮ ಹೊರಡಲಿಲ್ಲ. ಲೋಟವನ್ನು ಕೈಯಲ್ಲಿ ತಿರುಗಿಸುತ್ತ ಕೂತರು.

"ಅವ್ರು ಹೋದಮೇಲೆ ನಂಗೆ ನಿದ್ದೇನೇ ಇಲ್ಲ, ಶಾಂತ" ಎಂದರು ಕೊನೆಗೆ. "ಮನೆ ಅಷ್ಟು ಸುಮ್ನಿರುತ್ತೆ. ನೀನು ಕಂಬಕ್ಕೆ ಒರಗಿ ಮಗು ಥರ ನಿದ್ದೆ ಮಾಡೋದು ನೋಡಿ ಹೊಟ್ಟೆ ಉರೀತಿತ್ತು. ಅದಕ್ಕೇ ಎಬ್ಬಿಸಿ ಕಳಿಸ್ದೆ. ಸ್ವಾಮಿಗಳು ಬರೀ ನೆಪ."

ಶಾಂತಕ್ಕ ಅವರ ಮುಖವನ್ನೇ ನೋಡಿದಳು. ಕಣ್ಣಿನ ಕೆಳಗೆ ಕಪ್ಪಾಗಿತ್ತು. ಎದುರುಮನೆಯಲ್ಲಿದ್ದೂ ತಾನು ಇಷ್ಟು ದಿನ ಅದನ್ನು ನೋಡಿರಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

"ಭುವನಾ ಫೋನಲ್ಲಿ ನಿಂದು ಹಾಕಿದ್ಲು" ಎಂದರು ಸರೋಜಮ್ಮ. "ಕಣ್ಣು ಹತ್ತಿತ್ತು. ಅಷ್ಟರಲ್ಲಿ ಮಧ್ಯೆ ಪ್ರೆಶರ್ ಕುಕ್ಕರಿನ ಜಾಹೀರಾತು ಬಂದು ಎಬ್ಬಿಸ್ಬಿಡ್ತು. ಆಮೇಲೆ ಎಷ್ಟು ಸಲ ಹಾಕಿದ್ರೂ ಅದೇ ಗತಿ. ಒಂದು ಕುಕ್ಕರನ್ನೂ ಕೊಂಡಿದ್ದಾಯ್ತು."

ಶಾಂತಕ್ಕ ನಗಲಿಲ್ಲ. ಪೆಟ್ಟಿಗೆ ತಂದಳು, ಚಾಪೆ ಹಾಸಿದಳು, ತಿದಿ ಒತ್ತತೊಡಗಿದಳು. ಸರೋಜಮ್ಮ ಗೋಡೆಗೆ ಒರಗಿದರು. ಸ್ವಲ್ಪ ಹೊತ್ತಿಗೆ ಅವರ ತಲೆ ವಾಲಿತು, ಬಾಯಿ ತೆರೆಯಿತು, ಗೊರಕೆ ಶುರುವಾಯಿತು. ವಿಶ್ವನಾಥರ ಗೊರಕೆಗೇನೂ ಕಡಿಮೆ ಇರಲಿಲ್ಲ. ಊಟಕ್ಕೆ ಬಂದ ಗಂಗಾಧರಪ್ಪ ಬಾಯಿ ತೆರೆಯುವ ಮೊದಲೇ ಶಾಂತಕ್ಕ ಕಣ್ಣಲ್ಲೇ ಗದರಿಸಿ ಅಡುಗೆಮನೆ ತೋರಿಸಿದಳು. ಮದುವೆಯಾದಾಗಿನಿಂದ ಮೊದಲ ಸಲ ಅವನು ತಾನೇ ಬಡಿಸಿಕೊಂಡು ಉಂಡ. ಶಾಂತಕ್ಕನ ರಟ್ಟೆ ಸೋತು ಹೋಯಿತು. ಆದರೂ, ಶ್ರುತಿ ಹಿಡಿದಾಗಿನಿಂದ ಮೊದಲ ಸಲ, ಅವಳಿಗೆ ತೂಕಡಿಕೆ ಬರಲಿಲ್ಲ.

ಬಿಸಿಲು ಇಳಿದಮೇಲೆ ಸರೋಜಮ್ಮ ಬೆಚ್ಚಿ ಎದ್ದು, ಬಾಯಿ ಒರೆಸಿಕೊಂಡು, ಸೆರಗು ಸರಿಮಾಡಿಕೊಂಡರು.

"ಒಳ್ಳೇ ನಿದ್ದೆ ಆಯ್ತಾ ಸರೋಜಕ್ಕ?"

"ನಿದ್ದೆ ಎಲ್ಲಿ ಮಾಡ್ದೆ? ಕಣ್ಣು ಮುಚ್ಚಿ ಕೇಳ್ತಿದ್ದೆ."

"ಹೌದು. ನಾನು ನಂಬ್ತೀನಿ" ಎಂದಳು ಶಾಂತಕ್ಕ.

ಸರೋಜಮ್ಮ ಹೊಸಿಲು ದಾಟಿ, ಬೀದಿಯ ಕಡೆ ನೋಡುತ್ತಲೇ ಹೇಳಿದರು. "ಸೋಮವಾರ ಬೇಗ ಬಾ. ನಿನ್ನ ಕಂಬ ಹಾಗೇ ಇದೆ."

"ಬರ್ತೀನಿ. ಆದ್ರೆ ಅಲ್ಲಿ ನಿದ್ದೆ ನಂದು."

ಸರೋಜಮ್ಮ ತಲೆಯಾಡಿಸಿ ಮನೆಗೆ ಹೋದರು. ಮೊಸರಿನ ಲೋಟ ಚಾಪೆಯ ಪಕ್ಕದಲ್ಲೇ ಉಳಿದಿತ್ತು.