ಬೇರೆ ಲೋಟದ ಮರ್ಯಾದೆ

ನಾನು ಮಾಡಿಟ್ಟ ಚಹಾವನ್ನು ಆ ದಿನ ಯಾರೂ ಮುಟ್ಟಲಿಲ್ಲ. ಮೆಲ್ಬರ್ನಿನ ಪಶ್ಚಿಮಕ್ಕಿರುವ ಟ್ರುಗನಿನಾ ಎಂಬ ಸಬರ್ಬಿನ ಸಮುದಾಯ ಕೇಂದ್ರ. ಹಾಲ್ ತುಂಬ ದಕ್ಷಿಣ ಸುಡಾನಿನ ಹೆಂಗಸರು. ಶುಂಠಿ, ದಾಲ್ಚಿನ್ನಿ ಜಜ್ಜಿ ಹಾಕಿ, ಅವರ ರೂಢಿಯಂತೆ, ನಮ್ಮಲ್ಲಿ ಪಾಯಸಕ್ಕೆ ಸುರಿಯುವಷ್ಟು ಸಕ್ಕರೆ ಸುರಿದು ಕುದಿಸಿದ್ದೆ. ಒಬ್ಬರಿಗೆ ಹೊಟ್ಟೆ ತುಂಬಿತ್ತು, ಇನ್ನೊಬ್ಬರಿಗೆ ಹಲ್ಲುನೋವು, ಮತ್ತೊಬ್ಬರದ್ದು ಉಪವಾಸ. ನಮ್ಮ ಕರಾವಳಿಯಲ್ಲಿ ನೆಂಟರು ಬೇಡ ಎಂದರೆ ಅದು ಬೇಕು ಎಂಬುದರ ಪೀಠಿಕೆ. ಹಾಗಾಗಿ ಟ್ರೇ ಹಿಡಿದು ಎರಡನೇ ಸುತ್ತು ಹೊರಟೆ, ಒಂದು ಗುಟುಕಾದರೂ ಕುಡಿಯಿರಿ ಎಂದು ಉಪಚಾರ ಮಾಡಿದೆ. ಒಬ್ಬ ಹಿರಿಯ ಹೆಂಗಸು ಮುಂದಿದ್ದ ಲೋಟವನ್ನು ಬೆರಳ ತುದಿಯಿಂದ ಆಚೆ ಸರಿಸಿದರು, ಎದ್ದರು, ಕೋಟು ಹಾಕಿಕೊಂಡು ಹೊರಟುಹೋದರು. ಅವರ ಹಿಂದೆ ಅರ್ಧ ಹಾಲ್ ಎದ್ದು ಹೋಯಿತು.

ಅದು ಶಾಂತಿಸಭೆ. ಕರೆದವಳು ನಾನು.

ನಾನು ಬಂಟ್ವಾಳದ ಕಡೆಯವಳು. ಮನೆಮಾತು ಕೊಂಕಣಿ, ಕಲಿತದ್ದು ಕನ್ನಡ ಮೀಡಿಯಂ, ಆಮೇಲೆ ಮಂಗಳೂರಿನಲ್ಲಿ ಸಮಾಜಕಾರ್ಯದ ಡಿಗ್ರಿ. ಗಂಡ ವಿಲ್ಲಿಗೆ ನಾರ್ತ್ ಸಿಡ್ನಿಯ ಒಂದು ಫೈನಾನ್ಸ್ ಕಂಪನಿಯಲ್ಲಿ ಕೆಲಸ ಸಿಕ್ಕಿತೆಂದು ಮೊದಲು ಸಿಡ್ನಿಗೆ ಬಂದೆವು. ಎಪ್ಪಿಂಗಿನಲ್ಲಿ ಅಪಾರ್ಟ್‌ಮೆಂಟು. ಊರಲ್ಲಿ ಮನೆಯ ಗೇಟು ದಾಟಿದರೆ ಸಾಕು, ‘ಎಲ್ಲಿಗೆ ಹೊರಟದ್ದು?’ ಎಂದು ಹತ್ತು ಬಾಯಿ ಕೇಳುತ್ತವೆ. ನನಗದು ಮಹಾ ಕಿರಿಕಿರಿಯಾಗಿತ್ತು. ಎಪ್ಪಿಂಗಿನಲ್ಲಿ ನಾನು ಎಲ್ಲಿಗೆ ಹೋಗುತ್ತೇನೆಂದು ಯಾರಿಗೂ ಬೇಕಿರಲಿಲ್ಲ. ಲಿಫ್ಟಿನಲ್ಲಿ ನಗುತ್ತಾರೆ, ಹವಾಮಾನದ ಬಗ್ಗೆ ಒಂದು ಮಾತಾಡುತ್ತಾರೆ, ಬಾಗಿಲು ಮುಚ್ಚಿಕೊಳ್ಳುತ್ತಾರೆ. ಮೊದಲ ಚಳಿಗಾಲ ಮುಗಿಯುವ ಹೊತ್ತಿಗೆ ಆ ಕಿರಿಕಿರಿಗಾಗಿ ಅತ್ತಿದ್ದೇನೆ.

ಕೆಲಸವಿಲ್ಲದ ದಿನಗಳಲ್ಲಿ ಒಂದು ತರಬೇತಿಗೆ ಸೇರಿದೆ. ಜಗಳವನ್ನು ಮುಚ್ಚಿಹಾಕುವುದಲ್ಲ, ಅದರ ಬೇರನ್ನೇ ಬದಲಿಸುವುದು; ಅದಕ್ಕೆ ಸಂಘರ್ಷ ಪರಿವರ್ತನೆ ಎಂದು ಹೆಸರು. ಕಿಟಕಿಯಾಚೆ ಬಂದರು ಕಾಣುವ ಆಫೀಸಿನಲ್ಲಿ ಕುಳಿತು, ಕುರ್ಚಿಗಳನ್ನು ವೃತ್ತಾಕಾರದಲ್ಲಿ ಇಡುವುದು, ಒಬ್ಬರು ಮಾತಾಡುವಾಗ ಉಳಿದವರು ಕೇಳುವುದು, ಕೊನೆಗೆ ಒಟ್ಟಿಗೆ ಏನಾದರೂ ತಿನ್ನುವುದು, ಇದನ್ನೆಲ್ಲ ಕಲಿತೆವು. ನಮ್ಮ ಊರ ಪಂಚಾತಿಕೆಯಲ್ಲೂ ಇಷ್ಟೇ, ಕುರ್ಚಿ ಮಾತ್ರ ಇರುವುದಿಲ್ಲ.

ಸಿಡ್ನಿಯ ರೆಂಟ್ ಕಟ್ಟುವುದಕ್ಕಿಂತ ಮೆಲ್ಬರ್ನಿನ ಮಾರ್ಟ್‌ಗೇಜ್ ಕಟ್ಟುವುದೇ ಮೇಲೆಂದು ವಿಲ್ಲಿ ತೀರ್ಮಾನಿಸಿದ್ದರಿಂದ ಟ್ರುಗನಿನಾಕ್ಕೆ ಬಂದೆವು. ಇಲ್ಲಿ ಆಕಾಶ ಜಾಸ್ತಿ, ಮರ ಕಡಿಮೆ. ಗೋದಾಮುಗಳ ಕಡೆಯಿಂದ ಬೀಸುವ ಗಾಳಿಗೆ ಒಗೆದ ಬಟ್ಟೆ ಪಕ್ಕದ ಬೀದಿಗೆ ಹೋಗಿರುತ್ತದೆ. ಆದರೆ ನೆರೆಕರೆ ಇದೆ. ಎದುರು ಮನೆಯ ಮಮತಾ ಬೆಂಗಳೂರಿನವಳು. ನಾನು ಗೇಟು ದಾಟಿದರೆ ಎಲ್ಲಿಗೆ ಎಂದು ಕೇಳುವವಳು ಕೊನೆಗೂ ಸಿಕ್ಕಿದಳು. ಸಮುದಾಯ ಕೇಂದ್ರದಲ್ಲಿ ಆಫ್ರಿಕಾದ ಕುಟುಂಬಗಳ ಜತೆ ನನಗೆ ಕೆಲಸ ಸಿಕ್ಕಿತೆಂದಾಗ ಅವಳ ಮುಖ ಸಣ್ಣಗಾಯಿತು.

“ನಿಂಗ್ಯಾಕೆ ಬೇಕಿತ್ತು ಈ ಜಾಬು? ಟಿವಿಲಿ ನೋಡಲ್ವಾ, ಆಫ್ರಿಕನ್ ಗ್ಯಾಂಗು ಅಂತ ದಿನಾ ತೋರಿಸ್ತಾರೆ. ಸೇಫ್ಟಿ ನೋಡ್ಕೊಳಮ್ಮಾ.”

ಕೆಲವೇ ವರ್ಷಗಳ ಹಿಂದೆ ಇದೇ ಊರಿನಲ್ಲಿ ಭಾರತದ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದಾಗ ಟಿವಿಯವರು ನಮ್ಮ ಬಗ್ಗೆ ಏನೇನು ಹೇಳುತ್ತಿದ್ದರೆಂದು ಅವಳೇ ನನಗೆ ಹೇಳಿದ್ದಳು. ಅದನ್ನು ನೆನಪಿಸಲು ಹೋಗಲಿಲ್ಲ. ನೆರೆಮನೆ ಮುಖ್ಯ.

ಕೇಂದ್ರದಲ್ಲಿ ಹೆಂಗಸರ ಅಡುಗೆ ಕೂಟವೊಂದಿತ್ತು. ಕಿಸ್ರಾ ಎಂಬ ಜೋಳದ ತೆಳುರೊಟ್ಟಿಯನ್ನು ನಾನು ಅಲ್ಲೇ ಕಲಿತೆ. ಹಿಟ್ಟನ್ನು ಹುಳಿಬರಿಸಿ ಕಾದ ಕಾವಲಿಯ ಮೇಲೆ ಎಳೆಯುತ್ತಾರೆ. ನೀರುದೋಸೆಗೆ ಪಳಗಿದ ನನ್ನ ಕೈ ಬೇಗ ಹೊಂದಿಕೊಂಡಿತು, ಚಪ್ಪಾಳೆಯೂ ಸಿಕ್ಕಿತು. ಅವರು ನನ್ನನ್ನು ಸಿಸ್ಟರ್ ಲವಿನಾ ಎನ್ನುತ್ತಿದ್ದರು. ಫೋನಿನಲ್ಲಿ ಕೇಳಿದ ನನ್ನ ಅಮ್ಮನಿಗೆ ಮಗಳು ಕಾನ್ವೆಂಟು ಸೇರಿ ಸನ್ಯಾಸಿನಿಯಾದಳೆಂದು ನಗು. ಕೂಟದ ಯಜಮಾನಿಕೆ ಇಬ್ಬರದ್ದು. ಮಾಮಾ ಎಂದರೆ ಅವರಲ್ಲಿ ಅಮ್ಮ. ಮಾಮಾ ನ್ಯಾಕೋತ್ ನೂಯೆರ್ ಬುಡಕಟ್ಟಿನವರು, ಮಾಮಾ ಅಚೊಲ್ ಡಿಂಕಾ ಬುಡಕಟ್ಟಿನವರು. ಕೆನ್ಯಾದ ನಿರಾಶ್ರಿತರ ಶಿಬಿರದಲ್ಲಿ ಅಕ್ಕಪಕ್ಕದ ಡೇರೆಯಲ್ಲಿದ್ದು, ಒಂದೇ ಒಲೆಯಲ್ಲಿ ಬೇಯಿಸಿ ಉಂಡು ಬಂದವರು. ನ್ಯಾಕೋತ್ ಅವರ ಮಗಳು ಸಾರಾಳನ್ನು ಅಚೊಲ್ ಅವರ ಮಗ ಮದುವೆಯಾಗಿದ್ದ. ಅವರಿಗೊಂದು ಹೆಣ್ಣುಮಗು ಹುಟ್ಟಿತ್ತು.

ಅಷ್ಟರಲ್ಲಿ ದಕ್ಷಿಣ ಸುಡಾನಿನಲ್ಲಿ ಯುದ್ಧ ಶುರುವಾಯಿತು. ಹೊಸದಾಗಿ ಹುಟ್ಟಿದ ದೇಶ ಡಿಂಕಾ, ನೂಯೆರ್ ಎಂದು ತನ್ನೊಳಗೇ ಒಡೆಯಿತು. ಎರಡೂ ಬುಡಕಟ್ಟಿನವರು ಸತ್ತರು. ನ್ಯಾಕೋತ್ ಅವರ ತಮ್ಮ ಗುಂಡಿಗೆ ಬಲಿಯಾದ. ಅಚೊಲ್ ಅವರ ಅಕ್ಕನ ಮನೆ ಸುಟ್ಟುಹೋಯಿತು, ಮನೆಯಲ್ಲಿದ್ದವರ ಸುದ್ದಿಯೇ ಇಲ್ಲ. ಸುದ್ದಿಯೆಲ್ಲ ಬರುವುದು ಫೋನಿನಲ್ಲಿ. ಅಡುಗೆ ಕೂಟದಲ್ಲಿ ಹೆಂಗಸರು ಕೋಣೆಯ ಆ ಬದಿ ಈ ಬದಿ ಕೂರತೊಡಗಿದರು. ನ್ಯಾಕೋತ್ ಮಗಳ ಮನೆಗೆ ಹೋಗುವುದನ್ನು ನಿಲ್ಲಿಸಿದರು, ಏಕೆಂದರೆ ಆ ಮನೆಯಲ್ಲಿ ಅಡುಗೆ ಮಾಡುವವರು ಅಚೊಲ್. ಮಗುವಿಗೆ ಚರ್ಚಿನಲ್ಲಿ ಹೆಸರಿಡುವ ಜ್ಞಾನಸ್ನಾನದ ದಿನ ಹತ್ತಿರ ಬರುತ್ತಿತ್ತು. ಅದಕ್ಕೂ ಬರಲಾರೆ ಎಂದರು.

ಹೀಗಾಗಿ ಆ ಶಾಂತಿಸಭೆ. ಹಿಂದಿನ ವಾರ ಸಾರಾ ಬಂದು ಮೆಲ್ಲಗೆ ಒಂದು ಮಾತು ಕೇಳಿದ್ದಳು: ಎರಡು ಕಡೆಯವರಿಗೆ ಬೇರೆ ಬೇರೆ ಲೋಟ ಇಡಲು ಸಾಧ್ಯವೇ? ಕೇಂದ್ರದ ಮ್ಯಾನೇಜರಮ್ಮ ಪರಿಸರದ ಕಾಳಜಿಯಿಂದ ಪೇಪರ್ ಲೋಟವನ್ನು ಒಳಗೇ ಬಿಡುತ್ತಿರಲಿಲ್ಲ. ಎಲ್ಲರಿಗೂ ಬೀರುವಿನಲ್ಲಿರುವ ಪಿಂಗಾಣಿ ಲೋಟಗಳೇ. ಆದರೆ ನಾನು ಸಾಧ್ಯವಿಲ್ಲ ಎಂದದ್ದು ಅದಕ್ಕಲ್ಲ. ನನ್ನ ಅಜ್ಜಿ ಒಕ್ಕಲಿನ ಹೆಂಗಸು. ಧಣಿಗಳ ಮನೆಯಲ್ಲಿ ಆಕೆಗೆ ಕಾಫಿ ಸಿಗುತ್ತಿದ್ದುದು ಹಿತ್ತಲಲ್ಲಿ, ತೆಂಗಿನ ಗೆರಟೆಯಲ್ಲಿ, ಮೇಲಿನಿಂದ ಸುರಿದು. ಗೆರಟೆಯನ್ನು ತೊಳೆದು ಮತ್ತೆ ಗೋಡೆಗೆ ಸಿಕ್ಕಿಸಿಡಬೇಕು. ಬೇರೆ ಲೋಟವೆಂದರೆ ಏನೆಂದು ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನನ್ನ ಸಭೆಯಲ್ಲಿ ಅದು ನಡೆಯದು, ಎಲ್ಲರಿಗೂ ಒಂದೇ ಲೋಟ ಎಂದು ಸಾರಾಳಿಗೆ ಖಡಾಖಂಡಿತವಾಗಿ ಹೇಳಿದೆ. ಹೇಳುವಾಗ ನನಗೆ ಹೆಮ್ಮೆಯೂ ಆಗಿತ್ತು.

ಸಭೆ ಮುರಿದ ಸಂಜೆ ವಿಲ್ಲಿ ಎಲ್ಲ ಕೇಳಿಸಿಕೊಂಡು ಕೊಂಕಣಿಯಲ್ಲಿ ಹೇಳಿದ್ದರ ತಾತ್ಪರ್ಯ ಇಷ್ಟೇ: “ನೀನು ನಿನ್ನ ಅಜ್ಜಿಯ ಜಗಳವನ್ನು ಅವರ ಹತ್ತಿರ ಆಡ್ಲಿಕ್ಕೆ ಹೋದದ್ದು.” ಸಿಟ್ಟು ಬಂತು. ಎರಡು ದಿನ ಮೀನುಸಾರು ಮಾಡಲಿಲ್ಲ.

ವಾರ ಕಳೆದು, ಅಂದು ಲೋಟ ಸರಿಸಿ ಮೊದಲು ಎದ್ದುಹೋಗಿದ್ದ ನ್ಯಾಕೋತ್ ತಾವಾಗಿಯೇ ನಮ್ಮ ಮನೆಗೆ ಬಂದರು. ಬಿಸಿಲಿನಲ್ಲಿ ನಡೆದು ಬಂದಿದ್ದರು. ನೀರು ತರಲು ಎದ್ದೆ. ಅವರು ತಡೆದು, ಈ ಮನೆಯಲ್ಲಿ ಅಚೊಲ್ ಏನಾದರೂ ಕುಡಿದಿದ್ದಾಳೆಯೇ ಎಂದು ಕೇಳಿದರು. ಕ್ರಿಸ್‌ಮಸ್‌ಗೆ ಬಂದಿದ್ದರು, ಊಟವನ್ನೇ ಮಾಡಿದ್ದರು ಎಂದೆ. ನ್ಯಾಕೋತ್ ತಲೆಯಾಡಿಸಿ ಹಿತ್ತಲಿಗೆ ಹೋದರು, ತೋಟದ ನಲ್ಲಿ ತಿರುಗಿಸಿ, ಬೊಗಸೆಯೊಡ್ಡಿ ನೀರು ಕುಡಿದರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ನನ್ನ ಮನೆಯ ಹಿತ್ತಲಲ್ಲಿ ಒಬ್ಬ ಮುದುಕಿ ಬೊಗಸೆಯಲ್ಲಿ ನೀರು ಕುಡಿಯುವುದನ್ನು ನೋಡುವ ದಿನ ಬರುತ್ತದೆಂದು ನಾನು ಎಣಿಸಿರಲಿಲ್ಲ.

ಆಮೇಲೆ ಅವರು ಮೆಟ್ಟಿಲ ಮೇಲೆ ಕುಳಿತು, ತಮ್ಮ ನಿಧಾನದ ಇಂಗ್ಲಿಷಿನಲ್ಲಿ ತಿಳಿಸಿಹೇಳಿದರು. ಎರಡು ಮನೆತನಗಳ ನಡುವೆ ರಕ್ತ ಹರಿದಿದ್ದರೆ, ಅದು ತೀರ್ಮಾನವಾಗುವ ತನಕ ಆ ಮನೆಯವರು ಮುಟ್ಟಿದ ಪಾತ್ರೆಯಲ್ಲಿ ಈ ಮನೆಯವರು ಉಣ್ಣುವಂತಿಲ್ಲ, ಕುಡಿಯುವಂತಿಲ್ಲ. ಮೂರನೆಯವರ ಮನೆಯಲ್ಲಾದರೂ ಅಷ್ಟೇ. ಮೀರಿದರೆ ಕಾಯಿಲೆ, ಸಾವು.

“ನೀನು ನನ್ನನ್ನು ಹಟಮಾರಿ ಅಂದುಕೊಂಡೆ,” ಎಂದರು. “ಅವಳ ಲೋಟದಲ್ಲಿ ಕುಡಿದರೆ ಕೆಡುಕು ನನಗೊಬ್ಬಳಿಗೇ ಅಲ್ಲ. ಅವಳಿಗೂ. ನಡುವೆ ಇರುವ ಮಗುವಿಗೂ. ಅವಳ ಮೇಲೆ ಸಿಟ್ಟಿದ್ದರೆ ನಾನು ಕುಡಿದುಬಿಡುತ್ತಿದ್ದೆ.”

ಬೇರೆ ಲೋಟ ಎಂಬುದು ಒಬ್ಬರನ್ನು ಕಾಪಾಡುವ ಕ್ರಮವಾಗಿರಬಹುದು ಎಂದು ನನಗೆ ಯಾವ ತರಬೇತಿಯೂ ಹೇಳಿರಲಿಲ್ಲ, ಯಾವ ಅಜ್ಜಿಯೂ ಹೇಳಿರಲಿಲ್ಲ. ಇದನ್ನು ನಾನು ನಂಬುತ್ತೇನೆಯೇ ಎಂದರೆ, ಇಲ್ಲ. ಆದರೆ ಹೆರಿಗೆಯಾದ ಮನೆಯಲ್ಲಿ ನನ್ನ ಅಮ್ಮ ಕಟ್ಟುನಿಟ್ಟಾಗಿ ನಡೆಸುವ ಹತ್ತು ಪದ್ಧತಿಗಳನ್ನೂ ನಾನು ನಂಬುವುದಿಲ್ಲ, ಮುರಿಯಲೂ ಹೋಗುವುದಿಲ್ಲ.

ಮುಂದಿನದ್ದನ್ನು ಮಾಡಿದವರು ಆ ಹೆಂಗಸರೇ. ಸಿಡ್ನಿಯ ಬ್ಲಾಕ್‌ಟೌನಿನಲ್ಲಿ ಒಬ್ಬ ನೂಯೆರ್ ಹಿರಿಯರಿದ್ದರು, ಊರಲ್ಲಿ ಇಂಥ ವ್ಯಾಜ್ಯ ಬಿಡಿಸುವ ಮನೆತನದವರು. ಇಲ್ಲಿ ರೈಲ್ವೆಯಲ್ಲಿ ಕೆಲಸ. ರಾತ್ರಿಯ ಬಸ್ಸು ಹಿಡಿದು ಬಂದರು. ನನ್ನ ಪಾಲಿಗೆ ಉಳಿದದ್ದು ಕೋಣೆ ಬುಕ್ ಮಾಡುವ ಕೆಲಸ, ಮತ್ತು ಮ್ಯಾನೇಜರಮ್ಮನನ್ನು ಒಪ್ಪಿಸಿ ಎರಡನೆಯದೊಂದು ಬೀರು ಇಡಿಸುವ ಕೆಲಸ. ಒಂದೇ ಬಗೆಯ ಲೋಟಗಳು ಎರಡು ಬೀರುಗಳಲ್ಲಿ ಯಾಕೆ ಎಂದು ಆಕೆಗೆ ಕೊನೆಗೂ ತಿಳಿಯಲಿಲ್ಲ, ಆದರೆ ಒಪ್ಪಿದರು. ಈ ದೇಶದವರಲ್ಲಿ ನನಗೆ ಹಿಡಿಸಿದ ಗುಣ ಇದು.

ಹಿರಿಯರು ನ್ಯಾಕೋತ್‌ಗೆ ಒಂದು ದಾರಿ ತೋರಿಸಲು ನೋಡಿದರು. ಈ ಕಟ್ಟಳೆಯೆಲ್ಲ ಈಟಿಯ ಕಾಲದ್ದು, ಆಗ ಕೊಂದವನು ಯಾರೆಂದು ಗೊತ್ತಿರುತ್ತಿತ್ತು. ಬಂದೂಕಿನ ಯುದ್ಧದಲ್ಲಿ ಕೊಂದವನಿಗೆ ಹೆಸರಿಲ್ಲ, ಆದ್ದರಿಂದ ನಿಷೇಧವೂ ಇಲ್ಲ ಎನ್ನುವವರಿದ್ದಾರೆ ಎಂದರು. ನ್ಯಾಕೋತ್ ಅಲ್ಲಾಡಲಿಲ್ಲ. ಹೆಸರು ಗೊತ್ತಿಲ್ಲದ್ದರಿಂದಲೇ ಹೆದರಿಕೆ, ಯಾವ ಪಾತ್ರೆಯನ್ನು ಬಿಡಬೇಕೆಂದು ತಿಳಿಯುವುದು ಹೇಗೆ ಎಂದು ಕೇಳಿದರು. ಅಲ್ಲಿ, ಆ ಮಣ್ಣಿನ ಮೇಲೆ, ಎರಡೂ ಕಡೆಯವರ ಎದುರು ಹೋರಿ ಬಲಿಯಾಗದೆ ಆ ಪಾತ್ರೆಗೆ ತನ್ನ ಬಾಯಿ ತೆರೆಯದು ಎಂದರು. ಅಚೊಲ್ ಇದನ್ನೆಲ್ಲ ಕೇಳುತ್ತ ತಲೆತಗ್ಗಿಸಿ ಕುಳಿತಿದ್ದರು. ಅವರ ಕಡೆಯಲ್ಲೂ ಇಂಥದೇ ಕಟ್ಟಳೆ ಇದೆ. ಕೊನೆಗೆ ಅವರು ಒಂದೇ ಒಂದು ವಿಷಯ ಕೇಳಿದರು: ಮಗು ಯಾರ ಪಾತ್ರೆಯಲ್ಲಿ ಉಣ್ಣಬೇಕು? ಹಿರಿಯರು ತೀರ್ಪು ಹೇಳಿದರು. ಅದರ ಮೈಯಲ್ಲಿ ಎರಡೂ ರಕ್ತ ಆಗಲೇ ಕೂಡಿದೆ. ಅದಕ್ಕೆ ಯಾವ ಪಾತ್ರೆಯೂ ನಿಷಿದ್ಧವಲ್ಲ.

ಜ್ಞಾನಸ್ನಾನಕ್ಕೆ ನ್ಯಾಕೋತ್ ಬಂದರು. ಚರ್ಚಿನ ಹಿಂದಿನ ಹಾಲಿನಲ್ಲಿ ಎರಡು ಮೇಜು, ಎರಡು ಕಡೆಯ ಅಡುಗೆ, ಎರಡು ಕಡೆಯ ಪಾತ್ರೆ. ಡೋಲು ಬಡಿದರು, ಹಾಡಿದರು. ಹಾಡಿಗೆ ಬೇರೆ ಬೇರೆ ಪಾತ್ರೆ ಬೇಕಾಗಲಿಲ್ಲ. ಮಗು ಬಿಳಿ ಫ್ರಾಕು ತೊಟ್ಟು ಒಬ್ಬ ಅಜ್ಜಿಯ ತೊಡೆಯಿಂದ ಇನ್ನೊಬ್ಬ ಅಜ್ಜಿಯ ತೊಡೆಗೆ ಹೋಗುತ್ತಿತ್ತು. ಅಚೊಲ್ ತಮ್ಮ ಬಟ್ಟಲಿನಿಂದ ಒಂದು ತುತ್ತು ಗಂಜಿ ಕೊಟ್ಟರೆ ನ್ಯಾಕೋತ್ ತಮ್ಮ ಬಟ್ಟಲಿನಿಂದ ಇನ್ನೊಂದು. ಅದು ಎರಡೂ ಕಡೆಗೆ ಬಾಯಿ ತೆರೆಯಿತು.

ಬಡಿಸಲು ಕೈಹಾಕಿದ್ದ ನಾನು ನ್ಯಾಕೋತ್ ಊಟಕ್ಕೆ ಕೂತಿಲ್ಲವೆಂದು ಗಮನಿಸಿದೆ. ತಮ್ಮದೇ ಪಾತ್ರೆ ತಂದಿದ್ದರು, ಆದರೂ ಮಗುವಿಗೆ ತಿನಿಸಿದ್ದು ಬಿಟ್ಟರೆ ತಾವು ಒಂದು ತುತ್ತೂ ಉಂಡಿರಲಿಲ್ಲ. ತಮ್ಮ ತೀರಿಕೊಂಡ ಮೇಲೆ ಅವರು ಹಬ್ಬದಲ್ಲಿ ಉಣ್ಣುವುದಿಲ್ಲವಂತೆ. ಆಚೆ ಮೇಜಿನಲ್ಲಿ ಅಚೊಲ್ ಎಲ್ಲರಿಗೂ ಬಡಿಸುತ್ತಿದ್ದರು. ಅವರ ತಟ್ಟೆಯೂ ಮಗುಚಿಯೇ ಇತ್ತು. ಊಟ ಮುಗಿಯುತ್ತ ಬಂದಾಗ, ಮನೆಯವರು ನೀವು, ನೀವಾದರೂ ಉಣ್ಣಿ ಎಂದು ಒತ್ತಾಯಿಸಿದೆ.

ಅಚೊಲ್ ಸೌಟು ಕೆಳಗಿಡಲಿಲ್ಲ. “ಅವಳು ಅಲ್ಲಿ ಹಸಿದು ಕೂತಿದ್ದಾಳೆ. ನನಗೆ ಹೇಗೆ ಇಳಿಯುತ್ತೆ, ಸಿಸ್ಟರ್?”

ಮನೆಗೆ ಬಂದ ಮೇಲೆ ಅಮ್ಮನ ಫೋನು. ಔತಣದಲ್ಲಿ ಏನೇನಿತ್ತು, ಹೊಟ್ಟೆ ತುಂಬ ಉಂಡೆಯಾ ಎಂದು ಕೇಳಿದಳು. ಉಂಡಿದ್ದೆ. ಆ ಮೇಜಿನ ಕಿಸ್ರಾ, ಈ ಮೇಜಿನ ಮಾಂಸದ ಸಾರು, ಎರಡೂ ರುಚಿಯಾಗಿತ್ತು, ಯಾರೂ ತಡೆಯಲಿಲ್ಲ. ಅಮ್ಮನಿಗೆ ಉತ್ತರ ಹೇಳುತ್ತಿರುವಾಗಲೇ ನನಗೆ ಹೊಳೆದದ್ದು: ಇಡೀ ಹಾಲಿನಲ್ಲಿ ಎರಡೂ ಕಡೆ ಉಂಡವರು ಇಬ್ಬರೇ, ಮಗು ಮತ್ತು ನಾನು. ಮಗು ಎರಡೂ ಕಡೆಯದಾದ್ದರಿಂದ ಉಂಡಿತು. ನಾನು ಯಾವ ಕಡೆಯವಳೂ ಅಲ್ಲದ್ದರಿಂದ ಉಂಡೆ.